ಗುಲಗಂಜಿ ಹುಳ ಎಣಿಸಿದ ದಿನಗಳು

ಬೇರೆ ನೌಕರಿಯಲ್ಲಿದ್ದವರಿಗೆ ವರ್ಷಕ್ಕೊಂದು ನಗುವ ಪ್ರಸಂಗ ಸಿಕ್ಕರೆ ಹೆಚ್ಚು. ನನಗೆ ವಾರಕ್ಕೆರಡು ಸಿಗುತ್ತಿದ್ದವು. ಅದರಲ್ಲಿ ಒಂದಾದರೂ ನನ್ನದೇ ತಪ್ಪಿನಿಂದ ಆದದ್ದು. ಯಾಕೆಂದರೆ ನನ್ನದು ಹುಳ ಎಣಿಸುವ ನೌಕರಿ.

ತೊಂಬತ್ತರ ದಶಕದ ಮೊದಮೊದಲ ವರ್ಷಗಳು. ಕಲಬುರಗಿಯಲ್ಲಿ ಕೃಷಿ ಸಂಶೋಧನೆಯ ಒಂದು ಸಣ್ಣ ಕಚೇರಿಯಲ್ಲಿ ನನಗೆ ಹಂಗಾಮಿ ಕೆಲಸ ಸಿಕ್ಕಿತು. ಆರಾರು ತಿಂಗಳಿಗೊಮ್ಮೆ ಮುಂದುವರಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಗುಲಗಂಜಿ ಹುಳವನ್ನು ನೀವು ನೋಡಿಯೇ ಇರುತ್ತೀರಿ. ಅರ್ಧ ಬಟಾಣಿ ಕಾಳನ್ನು ಬೋರಲು ಹಾಕಿದಂಗೆ, ಕೆಂಪು ಬೆನ್ನು, ಮೇಲೆ ಕರಿ ಗುರುತು. ಗಿಡದ ಹೇನು ತಿಂದು ಗಿಡ ಉಳಿಸುತ್ತದೆ. ಇದು ನಮ್ಮ ದೇಶದ್ದು. ಇದರ ಜೊತೆಗೆ ಪರದೇಶದಿಂದ ತಂದ ಇನ್ನೊಂದು ಜಾತಿಯನ್ನೂ ಆಗ ಗಿಡಗಳ ಮೇಲೆ ಬಿಡುತ್ತಿದ್ದರು. ಅದರದು ಕರಿ ಮೈ, ಇಟ್ಟಂಗಿ ಬಣ್ಣದ ತಲೆ. ದಾಸವಾಳ, ಪೇರಲ, ಸೀತಾಫಲಕ್ಕೆ ಹತ್ತುವ ಬಿಳಿ ಹಿಟ್ಟು ತಿಗಣೆಯನ್ನು ತಿಂದು ಮುಗಿಸುತ್ತದೆ ಅಂತ. ಅದು ನಮ್ಮ ಬಿಸಿಲಿಗೆ ತಾಳುತ್ತದೋ ಇಲ್ಲವೋ ನೋಡಬೇಕಿತ್ತು. ಮನೆಯಂಗಳದಲ್ಲಿ ಗಿಡ ಇದ್ದವರು ವಾರಕ್ಕೊಮ್ಮೆ ಹುಳ ಎಣಿಸಿ ಹಾಳೆಯಲ್ಲಿ ಬರೆದಿಡಬೇಕು, ಪಗಾರಿಲ್ಲದೆ, ಬರೀ ಖುಷಿಗೆ. ಅಂಥವರನ್ನು ಹುಡುಕಿ ಕಲಿಸುವುದು ನನ್ನ ಪಾಲಿನ ಕೆಲಸ. ಮಧ್ಯಾಹ್ನ ಮನೆಯಲ್ಲಿ ಹೆಂಗಸರೇ ಇರುತ್ತಾರೆ, ಹೆಣ್ಣುಮಗಳೇ ಹೋಗಲಿ ಎಂದು ನಮ್ಮ ಸಾಹೇಬರು ನನಗೊಂದು ಹಳೆಯ ಮೊಪೆಡ್ ಕೊಟ್ಟರು. ಅದು ಏರು ಬಂದಲ್ಲಿ ನಿಲ್ಲುತ್ತಿತ್ತು. ಪುಣ್ಯಕ್ಕೆ ಕಲಬುರಗಿಯಲ್ಲಿ ಏರು ಕಡಿಮೆ.

೧. ಮೊರದ ಜೋಳ

ನೌಕರಿ ಸಿಕ್ಕ ದಿನ ನಮ್ಮತ್ತೆ ಓಣಿಗೆಲ್ಲ ಪೇಢೆ ಹಂಚಿದರು. ಬಾಜೂಮನೆಯಾಕೆ ಪೇಢೆ ಬಾಯಿಗಿಟ್ಟುಕೊಂಡು ಕೇಳಿದಳು.

"ಸೊಸಿಗಿ ಏನ್ ಕೆಲಸ್ರೀ?"

"ಹುಳಾ ಎಣಸೂದು," ಅಂದರು ಅತ್ತೆ, ತಹಶೀಲ್ದಾರಕಿ ಅನ್ನುವಷ್ಟೇ ಗತ್ತಿನಿಂದ.

"ಅದಕ್ಕ ಪಗಾರಾ ಕೊಡ್ತಾರ?"

"ಯಾಕ್ ಕೊಡಂಗಿಲ್ಲ? ಬಿಎಸ್ಸಿ ಓದ್ಯಾಳ."

ಮರುದಿನ ಬೆಳಿಗ್ಗೆ ನಾನು ಕಚೇರಿಗೆ ಹೊರಟು ನಿಂತಿದ್ದೆ. ಆಕೆ ಮೊರದ ತುಂಬ ಜೋಳ ಹಿಡಿದುಕೊಂಡು ಬಂದಳು. ಅಂದಿನಿಂದ ಇಡೀ ಓಣಿ ನನ್ನನ್ನು ಕರೆದ ಹೆಸರೂ ಅವಳ ಬಾಯಿಂದಲೇ ಮೊದಲು ಬಂದದ್ದು.

"ಹುಳದಕ್ಕೋರೆ, ನಮ್ಮ ಜ್ವಾಳಕ್ಕೂ ಹುಳಾ ಬಿದ್ದಾವ. ಆಫೀಸಿಗಿ ಹೋಗೂದ್ರಾಗ ಇವನ್ನೂ ಎಣಿಸಿಬಿಡ್ರಿ."

ನಾನು ತಾಳ್ಮೆಯಿಂದ ತಿಳಿಸಿದೆ. ಕಾಳಿನ ಹುಳ ಬೇರೆ, ನಮ್ಮ ಹುಳ ಬೇರೆ. ನಮ್ಮದು ಗಿಡದ ಮೇಲೆ ಇರುತ್ತದೆ, ಉಪಕಾರ ಮಾಡುತ್ತದೆ, ಅದಕ್ಕೇ ಸರ್ಕಾರ ಅದನ್ನು ಎಣಿಸುತ್ತದೆ. ಆಕೆ ಎಲ್ಲವನ್ನೂ ತಲೆಯಾಡಿಸುತ್ತ ಕೇಳಿ, ಮೊರವನ್ನು ನನ್ನ ಕೈಗೇ ಕೊಟ್ಟಳು.

"ಹಂಗಾರ ಎಣಸಬ್ಯಾಡ್ರಿ. ಆರಿಸಿ ಕೊಡ್ರಿ."

೨. ಸಸ್ಯಾಹಾರಿ

ಶರಣಬಸವೇಶ್ವರ ದೇವಸ್ಥಾನದ ಹಿಂದಿನ ಓಣಿಯಲ್ಲಿ ಒಬ್ಬ ಆಚಾರ್ಯರಿದ್ದರು. ರಿಟೈರಾದ ಸಂಸ್ಕೃತ ಮೇಷ್ಟ್ರು, ಮಡಿಯಲ್ಲಿ ಬಹಳ ಕಟ್ಟುನಿಟ್ಟು. ಹಿತ್ತಲಲ್ಲಿ ತುಳಸಿ, ಮಲ್ಲಿಗೆ, ಎರಡು ಸಾಲು ಬದನೆ. ಎಣಿಸಲು ಅವರು ಸಂತೋಷದಿಂದ ಒಪ್ಪಿದರು. ಎರಡನೆಯ ವಾರ ಹೋದಾಗ ಮುಖ ಗಂಟಾಗಿತ್ತು.

"ಅಲ್ಲವಾ, ಈ ಹುಳಾ ತಿನ್ನೂದೇನು?"

"ಗಿಡದ ಹೇನು ರೀ ಆಚಾರ್ರೆ."

"ಜೀವಂತ ಇದ್ದದ್ದಾ?"

"ಹೌದ್ರಿ."

"ಅಂದ್ರ ತುಳಸಿ ಮ್ಯಾಲೆ ಕೂತು ಮಾಂಸಾಹಾರ!"

ಒಳಗಿಂದ ಅವರ ಹೆಂಡತಿ ಕೂಗಿದರು: "ಹೇನ್ ಹೋದ್ರ ಸಾಕಾಗೇದ, ಸುಮ್ನಿರ್ರಿ!" ಆಚಾರ್ಯರು ಸುಮ್ಮನಿರುವವರಲ್ಲ. ಇವುಗಳ ಕುಲದಲ್ಲಿ ಒಂದಾದರೂ ಸಸ್ಯಾಹಾರಿ ಇಲ್ಲವೇ ಎಂದು ಕೇಳಿದರು. ಸುಳ್ಳು ಹೇಳಲಾರದೆ, ಇದೆ ಅಂದೆ. ಇಪ್ಪತ್ತೆಂಟು ಚುಕ್ಕಿಯ ಒಂದು ಜಾತಿ ಬರೀ ಎಲೆ ತಿನ್ನುತ್ತದೆ, ಆದರೆ ಅದು ಬದನೆಗೆ ಪೀಡೆ ಎಂದೂ ಹೇಳಿದೆ. ಆ ಎರಡನೆಯ ಮಾತು ಅವರ ಕಿವಿಗೆ ಬೀಳಲೇ ಇಲ್ಲ.

ತಿಂಗಳು ಬಿಟ್ಟು ಹೋದರೆ ಬದನೆ ಗಿಡಗಳು ಜಾಳಿಗೆ ಆಗಿದ್ದವು. ಅಮ್ಮನವರು ಹಣೆ ಬಡಿದುಕೊಂಡರು. "ಇವ್ರು ಒಂದ್ ಹುಳಾನೂ ಮುಟ್ಟಗೊಡೂದಿಲ್ಲ ನೋಡವಾ. ಮನ್ಯಾಗ ಇಬ್ಬರು ಸಸ್ಯಾಹಾರಿ ಇದ್ವಿ, ಈಗ ಇನ್ನೂರಾ ಇಬ್ಬರು ಆಗೀವಿ. ಪಲ್ಯಾಕ್ಕ ಒಂದು ಬದ್ನಿಕಾಯಿ ಇಲ್ಲ."

ಅಷ್ಟರಲ್ಲಿ ಆಚಾರ್ಯರೇ ಹಿತ್ತಲಿನಿಂದ ಬಂದರು. ಕೈಯಲ್ಲಿ ಮುಚ್ಚಳ ಹಾಕಿದ ಡಬ್ಬಿ. ಬಹಳ ನೊಂದಿದ್ದರು.

"ಒಯ್ಯವಾ ಇವನ್ನ. ಸಸ್ಯಾಹಾರ ಖರೆ. ಆದ್ರ ನಿನ್ನೆ ಏಕಾದಶಿ ದಿನಾನೂ ತಿಂದಾವ."

೩. ಐದು ಕಡ್ಡಿಪೆಟ್ಟಿಗೆ

ಬೆಂಗಳೂರಿನಿಂದ ಐವತ್ತು ಪರದೇಶಿ ಹುಳ ಬಂದವು. ಕಮಲಾಪುರದಲ್ಲಿ ನಮ್ಮ ಕೆಲಸಕ್ಕೆ ಒಪ್ಪಿದ್ದ ಒಬ್ಬ ಗಣಿತದ ಮೇಷ್ಟ್ರ ಮನೆಯ ಸೀತಾಫಲದ ಗಿಡಗಳಿಗೆ ಅವನ್ನು ಬಿಡಬೇಕಿತ್ತು. ಆಗ ಈಗಿನಂಗೆ ಪ್ಲಾಸ್ಟಿಕ್ ಡಬ್ಬಿ ಎಲ್ಲಿಯವು? ಖಾಲಿ ಕಡ್ಡಿಪೆಟ್ಟಿಗೆಗೆ ಹತ್ತರಂತೆ ಐದು ಪೆಟ್ಟಿಗೆ ತುಂಬಿಕೊಂಡು, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಆಗ ಬಸ್ಸಿನಲ್ಲಿ ಬೀಡಿ ಸೇದಬಾರದು ಎಂದು ಬರೆದಿರುತ್ತಿತ್ತು, ಅದರ ಕೆಳಗೇ ಕೂತು ಸೇದುತ್ತಿದ್ದರು. ಪಟಕಾ ಸುತ್ತಿದ ಒಬ್ಬ ಮುತ್ಯಾ ಬೀಡಿ ತುಟಿಗಿಟ್ಟುಕೊಂಡು ನನ್ನತ್ತ ಕೈ ಚಾಚಿದ.

"ಕಡ್ಡಿ ಕೊಡವ್ವಾ."

"ಇದ್ರಾಗ ಕಡ್ಡಿ ಇಲ್ರೀ ಮುತ್ಯಾ."

"ಐದ್ ಪೆಟ್ಟಿಗಿ ಹಿಡ್ಕೊಂಡ್ ಕೂತೀದಿ, ಒಂದ್ ಕಡ್ಡಿ ಇಲ್ಲಂತೀ?"

"ಹುಳಾ ಅದಾವ್ರೀ."

ಮುತ್ಯಾ ಇದನ್ನು ಬೈಗುಳ ಎಂದುಕೊಂಡ. ಜಗಳ ಬಿಡಿಸಲು ಬಂದ ಕಂಡಕ್ಟರ್ ಒಂದು ಪೆಟ್ಟಿಗೆ ಎತ್ತಿ, "ಏನ್ ಅದಾವ ನೋಡೋಣು" ಎಂದು ಸರ್ರನೆ ಎಳೆದ. ಹತ್ತೂ ಹುಳ ಹಾರಿದವು. ನಾನು ಚೀರಿದೆ: "ಸರ್ಕಾರದ ಹುಳಾ ರೀ! ಕಿಡಕಿ ಮುಚ್ರಿ!"

ಸರ್ಕಾರ ಎಂಬ ಮಾತಿಗೆ ಆಗ ತೂಕವಿತ್ತು. ಬೇಸಿಗೆಯ ಮಧ್ಯಾಹ್ನ ಬಸ್ಸಿನ ಕಿಟಕಿಗಳೆಲ್ಲ ಮುಚ್ಚಿದವು. ಬೆವರು ಸುರಿಸುತ್ತ ಎಲ್ಲರೂ ಹುಡುಕಿದರು. ಸೀಟಿನ ಕೆಳಗೆ, ಬುಟ್ಟಿಯಲ್ಲಿ, ಡ್ರೈವರನ ಹೆಗಲ ಮೇಲೆ. ಬೀಡಿ ಮರೆತ ಮುತ್ಯಾ ಒಬ್ಬನೇ ನಾಲ್ಕು ಹಿಡಿದ. ಏಳು ಸಿಕ್ಕವು. ಮಿಕ್ಕ ಮೂರು ಮಹಾಗಾಂವದಲ್ಲಿ ಇಳಿಯಲಿದ್ದ ಅಜ್ಜಿಯ ಸೆರಗಿನ ಮೇಲೆ ಕೂತಿದ್ದವು. ಅಜ್ಜಿ ಸೆರಗನ್ನು ಎದೆಗವಚಿಕೊಂಡಳು.

"ಇವು ತಾವಾಗೇ ಬಂದು ಕೂತಾವ. ನಮ್ಮ ಪ್ಯಾರಲ ಗಿಡಕ್ಕ ಬಿಳೇದು ಹತ್ತೇದ. ನಾ ಕೊಡಂಗಿಲ್ಲ."

ಇಡೀ ಬಸ್ಸು ಅಜ್ಜಿಯ ಪಕ್ಷ ವಹಿಸಿತು. ಮರುದಿನ ಸಾಹೇಬರು ನನ್ನ ವರದಿ ಓದುತ್ತ ಕನ್ನಡಕ ತೆಗೆದರು. "ಕಮಲಾಪುರದಾಗ ಬಿಟ್ಟದ್ದು ನಲವತ್ತೇಳು, ಸರಿ. ಕೆಳಗ ಇದೇನು ಬರದೀರಿ? ‘ಮೂರು, ಮಹಾಗಾಂವದಲ್ಲಿ ಇಳಿದುಕೊಂಡವು’?"

೪. ಸೋಪಿನ ನೀರು

ಕಮಲಾಪುರದ ಮೇಷ್ಟ್ರು ಅಚ್ಚುಕಟ್ಟಿನ ಮನುಷ್ಯ. ಹಿತ್ತಲಲ್ಲಿ ಆ ಊರಿನ ಕೆಂಪು ಬಾಳೆಯ ನಾಲ್ಕು ಗಿಡಗಳನ್ನೂ ದಾರ ಹಿಡಿದು ಅಳೆದೇ ನೆಟ್ಟಿದ್ದರು. ವಾರ ವಾರ ಕಾರ್ಡು ಬರೆಯುತ್ತಿದ್ದರು, ಅಕ್ಷರ ಮುತ್ತು ಪೋಣಿಸಿದಂತೆ. ನಾಲ್ಕನೆಯ ವಾರದ ಕಾರ್ಡು ಹೀಗಿತ್ತು: "ತಾವು ಬಿಟ್ಟ ಹುಳಗಳಿಂದ ಪ್ರಯೋಜನವಾಗಿಲ್ಲ. ಬಿಳಿ ತಿಗಣೆಗಳು ಇನ್ನೂ ದಪ್ಪವಾಗಿ ಗಿಡದ ತುಂಬ ಓಡಾಡತೊಡಗಿದವು. ಆದ್ದರಿಂದ ನಾನೇ ಸೋಪಿನ ನೀರಿನಲ್ಲಿ ಗಿಡಗಳನ್ನು ತೊಳೆದು ಒಂದನ್ನೂ ಬಿಡದೆ ನಾಶ ಮಾಡಿದ್ದೇನೆ. ಚಿಂತೆ ಬೇಡ."

ಕಾರ್ಡನ್ನು ಎರಡು ಸಲ ಓದಿದೆ. ಹಿಟ್ಟು ತಿಗಣೆ ಓಡಾಡುವ ಜಾತಿಯೇ ಅಲ್ಲ, ಒಂದೇ ಕಡೆ ಅಂಟಿಕೊಂಡು ಕೂತಿರುತ್ತದೆ. ಓಡಾಡಿದ್ದು ನಮ್ಮ ಪರದೇಶಿ ಹುಳದ ಮರಿಗಳು! ಆ ಮರಿ ಥೇಟ್ ತಿಗಣೆಯಂತೆಯೇ ಮೈತುಂಬ ಬಿಳಿ ಹಿಟ್ಟು ಮೆತ್ತಿಕೊಂಡಿರುತ್ತದೆ. ನಾನು ಕಲಿಸುವಾಗ ದೊಡ್ಡ ಹುಳದ ಚಿತ್ರ ಮಾತ್ರ ತೋರಿಸಿದ್ದೆ.

ಮೊದಲ ಬಸ್ಸಿಗೆ ಹೋಗಿ, ಹೇಳಬಾರದೆಂದುಕೊಂಡೇ ಹೇಳಿಬಿಟ್ಟೆ. ಮೇಷ್ಟ್ರು ಕಟ್ಟೆಯ ಮೇಲೆ ಕೂತುಬಿಟ್ಟರು. "ಎಲ್ಲಾ ಮಕ್ಕಳೇನು?" ಎಂದರು.

"ತಪ್ಪು ನಂದು ಸರ್. ಮರಿ ಚಿತ್ರ ತೋರಿಸಬೇಕಿತ್ತು."

ಅವರು ತೊಳೆದು ಹೊಳೆಯುತ್ತಿದ್ದ ಗಿಡವನ್ನು ನೋಡುತ್ತ ತಲೆಯಾಡಿಸಿದರು.

"ಮೂವತ್ತು ವರ್ಷ ಸಾಲಿ ಕಲಿಸೀನಿ. ಮಾರಿ ನೋಡಿ ಇದು ಯಾರ ಮಗಾ ಅಂತ ಹೇಳ್ತಿದ್ದೆ. ಇವು ಒಂದರೆ ಅಪ್ಪನಂಗ ಇರಬಾರದಾ ತಂಗಿ!"

೫. ಎರಡು ಖಾನೆ

ಕಮಲಾಪುರ ಹೀಗೆ ತೊಳೆದು ಹೋಯಿತು. ಪರದೇಶಿ ಹುಳ ಬಿಟ್ಟಿದ್ದ ಬೇರೆ ಹತ್ತೊಂಬತ್ತು ಮನೆಗಳಲ್ಲಿ ಹದಿನೆಂಟರ ಹಾಳೆಯಲ್ಲೂ ಆ ಹುಳದ ಕಡೆ ಬರೀ ಸೊನ್ನೆ. ಸಾಹೇಬರು ನನ್ನನ್ನು ಕರೆದು, "ಒಂದೂ ಉಳಿದಿಲ್ಲಂದ್ರ ಬೆಂಗಳೂರಿನವರು ಈ ಕೆಲಸಾನೇ ಬಂದ್ ಮಾಡ್ತಾರ" ಎಂದರು. ಬಂದಾದರೆ ನಾನು ಮೊಪೆಡ್ ವಾಪಸ್ ಕೊಟ್ಟು ಮನೆಯಲ್ಲಿ ಕೂಡಬೇಕು.

ನಮಗಿದ್ದ ಆಸೆ ಒಂದೇ ಹಾಳೆ, ರೋಜಾ ಬಡಾವಣೆಯ ಖಾಲಮ್ಮನದು. ದರ್ಗಾದ ಹತ್ತಿರದ ಗಲ್ಲಿಯಲ್ಲಿ ಅವರ ಮನೆ. ಗಂಡನದು ಅತ್ತರಿನ ಅಂಗಡಿ. ಅಂಗಳದಲ್ಲಿ ಒಂದು ದೊಡ್ಡ ನಿಂಬೆ ಗಿಡ, ಎಣ್ಣೆ ಡಬ್ಬಿಗಳಲ್ಲಿ ಗುಲಾಬಿ. ಗಲ್ಲಿಯವರಿಗೆಲ್ಲ ಅವರು ಖಾಲಮ್ಮ, ಅಂದರೆ ಚಿಕ್ಕಮ್ಮ, ನನಗೂ. ಹಾಳೆಯ ಎರಡು ಖಾನೆ ತೋರಿಸಿ ನಾನು ಹೇಳಿಕೊಟ್ಟಿದ್ದೆ: "ಈ ಕಡೀ ಇಲ್ಲಿಯವು, ಆ ಕಡೀ ಹೊರಗಿನವು." ಅವರು ಉರ್ದು ಅಂಕಿಯಲ್ಲಿ ತಪ್ಪದೆ ಬರೆದಿಡುತ್ತಿದ್ದರು. ಮೊದಲ ತಿಂಗಳು ಹೊರಗಿನವು ಹದಿನೆಂಟು, ಇಲ್ಲಿಯವು ಮೂರು. ಆಮೇಲೆ ಹೊರಗಿನವು ಇಳಿಯುತ್ತ, ಇಲ್ಲಿಯವು ಏರುತ್ತ ಹೋದವು. ನಾನು ಹೋದಾಗ ಮಾತ್ರ ಒಂದೂ ಪರದೇಶಿ ಕಾಣುತ್ತಿರಲಿಲ್ಲ. "ಅಬ್ಬೀಚ್ ಉಡ್‌ಗಯೇ ಬೇಟಾ, ಈಗಷ್ಟ ಹಾರಿ ಹೋದ್ವು" ಅನ್ನುತ್ತಿದ್ದರು. ನನಗೂ ಅದನ್ನು ನಂಬುವುದೇ ಬೇಕಾಗಿತ್ತು.

ಸಾಹೇಬರು ಆ ಅಂಕಿಗಳಿಂದ ದೊಡ್ಡದೊಂದು ನಕ್ಷೆ ಬರೆದರು. ಕೆಂಪು ಗೆರೆ ಇಳಿಯುತ್ತದೆ, ಹಸಿರು ಗೆರೆ ಏರುತ್ತದೆ. ‘ದೇಶಿ ಹುಳಗಳ ಮುಂದೆ ಪರದೇಶಿ ಹುಳಗಳ ಹಿನ್ನಡೆ’ ಎಂದು ತಲೆಬರಹ ಕೊಟ್ಟು ಬೆಂಗಳೂರಿಗೆ ಕಳಿಸಿದರು. ಅಲ್ಲಿನ ದೊಡ್ಡ ಸಾಹೇಬರು ಅದನ್ನು ನೋಡಿ ರಾತ್ರಿ ರೈಲಿಗೇ ಹೊರಟು ಬಂದುಬಿಟ್ಟರು.

ಬೆಳಿಗ್ಗೆ ಖಾಲಮ್ಮನ ಅಂಗಳದಲ್ಲಿ ನಾವು ಮೂವರು. ದೊಡ್ಡ ಸಾಹೇಬರು ಭೂತಗನ್ನಡಿ ಹಿಡಿದು ನಿಂಬೆ ಗಿಡದ ಬುಡದಲ್ಲಿ ಮಂಡಿಯೂರಿದರು. ಎಲ್ಲಿ ನೋಡಿದರೂ ಕೆಂಪು ಬೆನ್ನು, ಕರಿ ಗುರುತು. ಒಂದಕ್ಕೂ ಇಟ್ಟಂಗಿ ತಲೆಯಿಲ್ಲ.

"ಅಮ್ಮಾ, ಹೊರಗಿನ ಹುಳ ಅಂತ ಬರೆದಿದ್ದೀರಲ್ಲ, ಯಾವುದು ತೋರಿಸಿ."

ಖಾಲಮ್ಮ ಒಂದು ಕೆಂಪು ಹುಳ ತೋರಿಸಿದರು.

"ಇದು ನಮ್ಮ ದೇಶದ್ದೇ ಅಲ್ವೇನಮ್ಮಾ?"

"ದೇಸದ್ದು ಇರಬಹುದು ಸಾಬ್. ನಮ್ಮ ಮನಿದಲ್ಲ. ಬಾಜೂಮನಿ ದಾಳಿಂಬರಿ ಗಿಡದ್ದು. ಆ ಗೋಡಿ ದಾಟಿ ಬಂದದ, ನಾನೇ ನೋಡೀನಿ."

ನಮ್ಮ ಸಾಹೇಬರು ಕೈಲಿದ್ದ ನಕ್ಷೆಯನ್ನು ಮೆಲ್ಲಗೆ ಸುರುಳಿ ಸುತ್ತತೊಡಗಿದರು. ನನ್ನ ಕಣ್ಣು ಹೊರಗೆ ನಿಲ್ಲಿಸಿದ್ದ ಮೊಪೆಡ್ ಕಡೆ ಹೋಯಿತು.

"ಹಾಗಾದ್ರೆ ಹೊರಗಿನವು ಬರ್ತಾ ಬರ್ತಾ ಕಡಿಮೆ ಆದವಲ್ಲ?" ಎಂದರು ದೊಡ್ಡ ಸಾಹೇಬರು.

"ಕಮ್ಮಿ ಎಲ್ಲಿ ಆಗ್ಯಾವ? ಇಲ್ಲೇ ಅದಾವಲ್ಲ! ಇದೇ ನಿಂಬಿ ಗಿಡದಾಗ ಸಂಸಾರ ಹೂಡ್ಯಾವ, ತತ್ತಿ ಇಟ್ಟಾವ, ಮಕ್ಕಳಾಗ್ಯಾವ. ಇನ್ನಾ ಎಷ್ಟು ದಿನಾ ಹೊರಗಿನವು ಅಂತ ಬರೀಲಿ ಸಾಬ್? ನಂಗೇ ಶರಮ್ ಆಯ್ತು. ಈ ಕಡೀ ಖಾನೆದಾಗ ತಗೊಂಡೆ."

ದೊಡ್ಡ ಸಾಹೇಬರು ಎದ್ದು ನಿಂತು ನಗಲು ಸುರು ಮಾಡಿದರು. ನಿಲ್ಲಲಾಗದೆ ಅಲ್ಲಿದ್ದ ಹಗ್ಗದ ಮಂಚದ ಮೇಲೆ ಕೂತು ಕಣ್ಣೊರೆಸಿಕೊಂಡರು. ಆಮೇಲೆ ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿದರು. ಯಾವ ವಾರ ಎಷ್ಟು ಬಂದವು, ಎಷ್ಟು ನೆಲೆ ನಿಂತವು, ಎಲ್ಲ ಇತ್ತು. "ನನ್ನ ಆಫೀಸಲ್ಲಿ ಒಬ್ಬರೂ ಇಷ್ಟು ನಿಗಾ ಇಟ್ಟು ನೋಡಲ್ಲ ಕಣ್ರೀ," ಎಂದು ನಮ್ಮ ಸಾಹೇಬರತ್ತ ತಿರುಗಿದರು. "ಕೆಲಸ ನಿಲ್ಲಿಸಬೇಡಿ. ಮುಂದಿನ ವರ್ಷ ಹಾಳೆ ಮೇಲೆ ಎರಡೂ ಹುಳದ ಚಿತ್ರ ಅಚ್ಚು ಹಾಕಿಸಿ." ನಾನು ಗುಲಾಬಿ ಡಬ್ಬಿಗಳ ಕಡೆ ಮುಖ ತಿರುಗಿಸಿ ಸೆರಗಿನಿಂದ ಕಣ್ಣು ಒತ್ತಿಕೊಂಡೆ.

ಅಷ್ಟರಲ್ಲಿ ಖಾಲಮ್ಮ ಒಳಗೆ ಹೋಗಿ ಟ್ರೇದಲ್ಲಿ ಚಹಾ ತಂದರು. ದೊಡ್ಡ ಸಾಹೇಬರಿಗೆ ತಮಾಷೆ ಇನ್ನೂ ಬಿಟ್ಟಿರಲಿಲ್ಲ.

"ಅಮ್ಮಾ, ನಾನೂ ಬೆಂಗಳೂರಿಂದ ಬಂದವನು. ನನ್ನನ್ನ ಯಾವ ಖಾನೇಲಿ ಬರೀತೀರಿ?"

ಖಾಲಮ್ಮ ಕಪ್ಪು ಮುಂದೆ ಹಿಡಿದರು.

"ಚಾ ಕುಡಿಯೋ ತನಕ ಹೊರಗಿನವ್ರು ಸಾಬ್. ಕುಡದ ಮ್ಯಾಲ ಒಳಗಿನವ್ರು."

ದೊಡ್ಡ ಸಾಹೇಬರು ಎರಡು ಕಪ್ಪು ಕುಡಿದರು.