ಚೊಂಬಿನ ಸಮೇತ ದಸ್ತಗಿರಿ

ಸರ್ಕಾರ ನನಗೆ ಒಂದು ಹಿತ್ತಾಳೆ ಚೊಂಬು ಬಾಕಿ ಇಟ್ಟಿದೆ. ಕೊಟ್ಟಾಯಿತು ಎನ್ನುತ್ತದೆ. ಕೊಟ್ಟದ್ದು ನನಗಲ್ಲ. ಜವಾಬ್ದಾರಿ ಸರ್ಕಾರ ಕೇಳಿದೆವು, ಬಂತು. ಚೊಂಬು ಕೇಳಿದೆ, ಬರಲಿಲ್ಲ. ಅದು ಬಾರದ್ದಕ್ಕೆ ಹೆಂಡತಿ ಗಂಗರತ್ನಮ್ಮನೂ ತವರಿನಿಂದ ಬರಲಿಲ್ಲ. ಈಗ ನಲವತ್ತೆಂಟನೇ ಇಸವಿ. ಆವನಿಯ ನಮ್ಮ ಮನೆಯಲ್ಲಿ ಹೋದ ವರ್ಷದಿಂದ ನಾನೇ ಮುದ್ದೆ ತಿರುವುತ್ತಿದ್ದೇನೆ. (ಅದನ್ನು ಮುದ್ದೆ ಎಂದು ಕರೆಯುವವನು ನಾನೊಬ್ಬನೇ. ಎತ್ತಿಗೆ ಹಾಕಿದೆ, ಮೂಸಿ ಮುಖ ತಿರುಗಿಸಿತು.)

ಹೋದ ವರ್ಷ ಸೆಪ್ಟೆಂಬರಿನಲ್ಲಿ ಒಂದು ಬೆಳಗ್ಗೆ ಬಯಲಿಗೆ ಹೊರಟೆ. ಬಯಲಿಗೆ ಅಂದರೆ ಬಯಲಿಗೇ. ಓದುಗರು ದೊಡ್ಡವರು, ಬಿಡಿಸಿ ಹೇಳಬೇಕಾಗಿಲ್ಲ. ದಿನಾ ಒಯ್ಯುವ ತಗಡಿನ ಡಬ್ಬ ತೂತು ಬಿದ್ದಿತ್ತು. ಕೈಗೆ ಸಿಕ್ಕಿದ್ದು ಹೆಂಡತಿಯ ತವರಿನ ಚೊಂಬು. ನಮ್ಮ ಕಡೆ ಮದುವೆಯಲ್ಲಿ ಮಗಳಿಗೆ ಕೊಡುವ ಪಾತ್ರೆಯ ಕಂಠದ ಮೇಲೆ ತಂದೆಯ ಹೆಸರು ಕೊರೆಸುತ್ತಾರೆ. ಇದರ ಮೇಲೂ ಇತ್ತು: 'ಸುಗಟೂರು ಅಪ್ಪಾಜಪ್ಪ'. ಮಾವನನ್ನು ಬಯಲಿಗೆ ಕರೆದುಕೊಂಡು ಹೋಗಬಾರದಿತ್ತು. ಏನು ಮಾಡಲಿ, ಆತುರ.

ಕೆಲಸ ಮುಗಿಸಿ ಎದ್ದರೆ ರಸ್ತೆಯಲ್ಲಿ ಬಾವುಟ, ಜೈಕಾರ. ದೇಶಕ್ಕೆ ಸ್ವಾತಂತ್ರ್ಯ ಬಂದರೂ ನಮ್ಮ ಸಂಸ್ಥಾನದಲ್ಲಿ ಇನ್ನೂ ಮಹಾರಾಜರದೇ ಸರ್ಕಾರ; ಅದಕ್ಕೇ ಜನ ತಾಲ್ಲೂಕು ಕಚೇರಿಗೆ ಮುತ್ತಿಗೆ ಹಾಕಲು ಹೊರಟಿದ್ದರು. ನಾನು ಮೂವತ್ತೊಂಬತ್ತರಲ್ಲೂ ನಲವತ್ತೆರಡರಲ್ಲೂ ಒಳಗೆ ಹೋಗಿಬಂದ ಪ್ರಾಣಿ. ಜೈಕಾರ ಕಿವಿಗೆ ಬಿದ್ದರೆ ಕಾಲು ನನ್ನ ಮಾತು ಕೇಳುವುದಿಲ್ಲ. ಖಾಲಿ ಚೊಂಬು ಹಿಡಿದೇ ಸೇರಿಕೊಂಡೆ. ಎರಡು ಮೈಲಿ ನಡೆಯುವಷ್ಟರಲ್ಲಿ ಪೊಲೀಸರು ನಮ್ಮನ್ನೆಲ್ಲ ಲಾರಿಗೆ ತುಂಬಿದರು.

ಠಾಣೆಯಲ್ಲಿ ದಫೇದಾರ, "ಹೆಸರೇನ್ಲಾ?" ಅಂದ.

ಹೆಸರು ಹೇಳಬಾರದೆಂಬುದು ನಮ್ಮ ಚಳವಳಿಗಾರರ ಕಟ್ಟುಪಾಡು. ಹೇಳಿದರೆ ಜುಲ್ಮಾನೆ ಹಾಕಿ, ಅದರ ನೆಪದಲ್ಲಿ ಕೊಟ್ಟಿಗೆಯ ಎತ್ತು ಬಿಚ್ಚಿಕೊಂಡು ಹೋಗುತ್ತಾರೆ. "ಭಾರತಮಾತೆಯ ಮಗ," ಅಂದೆ. ಎರಡು ಬಿಟ್ಟ. ಮತ್ತೆ ಅದನ್ನೇ ಅಂದೆ. ಆಗ ಚೊಂಬು ಕಿತ್ತುಕೊಂಡ, ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ, ನಕ್ಕು ಏನೋ ಬರೆದುಕೊಂಡ. ನಾನು ಗೆದ್ದೆನೆಂದು ಬೀಗಿದೆ.

ಒಳಗೆ ನಲವತ್ತು ದಿನ. ಅಲ್ಲೂ ಯಾರೂ ಯಾರಿಗೂ ಹೆಸರು ಹೇಳುವಂತಿರಲಿಲ್ಲ. ನನ್ನನ್ನು ಎಲ್ಲರೂ 'ಚೊಂಬಿನವನು' ಎಂದೇ ಕರೆದರು.

ಬಿಡುಗಡೆಯಾಗಿ ಬಂದರೆ ಮನೆಗೆ ಬೀಗ. ಸುಗಟೂರಿಗೆ ಓಡಿದೆ. ಗಂಗರತ್ನಮ್ಮ ಬಾಗಿಲ ಹಿಂದಿನಿಂದಲೇ ಮಾತಾಡಿದಳು.

"ಬಯಲಿಗೆ ಹೋಗಿ ನಲವತ್ತು ದಿನ ಆಯ್ತು. ಮುಗೀತಾ?"

"ಜೈಲಿಗೆ ಹೋಗಿದ್ದೆ ಕಣೇ!"

"ಹೋದ ಎರಡು ಸಲ ಕುಂಕುಮ ಇಡಿಸ್ಕೊಂಡು, ಹಾರ ಹಾಕಿಸ್ಕೊಂಡು ಹೋದೆ. ಚೊಂಬು ಹಿಡ್ಕೊಂಡು ಯಾರಯ್ಯ ಜೈಲಿಗೆ ಹೋಗ್ತಾರೆ? ಆಂಡರ್ಸನ್‌ಪೇಟೆ ನಾಟಕದ ಡೇರೇಲಿ ನಿನ್ನ ನೋಡ್ದೋರಿದಾರೆ. ಹಾರ್ಮೋನಿಯಂ ಪಕ್ಕದಲ್ಲೇ ಕೂತಿದ್ಯಂತೆ. ನಮ್ಮಪ್ಪ ಕೊಟ್ಟ ಚೊಂಬು ಯಾವಳಿಗೆ ಕೊಟ್ಟೆ?"

ಜಗುಲಿಯಿಂದ ಮಾವ ಅಪ್ಪಾಜಪ್ಪ ಕೆಮ್ಮಿದರು. "ಏಮಿ ಅಲ್ಲುಡೂ, ಏನಯ್ಯ ಅಳಿಯ! ನನ್ನ ಹೆಸರನ್ನ ಎಲ್ಲೆಲ್ಲಿಗೋ ತಗೊಂಡು ಹೋಗಿದ್ಯಂತೆ?"

"ಸರ್ಕಾರದ ಕಾಗ್ದ ತಗೊಂಡ್ ಬಾ," ಅಂದಳು ಅವಳು. "ಇಂಥವನ್ನ ಹಿಡಿದಿದ್ವಿ ಅಂತ ಬರೆದಿರ್ಬೇಕು, ಮೊಹರು ಬಿದ್ದಿರ್ಬೇಕು. ಅವತ್ತು ಬರ್ತೀನಿ."

ಬಾಗಿಲ ಸಂದಿಯಲ್ಲಿ ಅವಳ ಹಸಿರು ಬಳೆ ಕಂಡಿತು. ಮುದ್ದೆ ತಿರುವುವಾಗ ಹಿಟ್ಟಿನ ಕೋಲಿನ ಜೊತೆ ಆ ಬಳೆ ಆಡುತ್ತಿದ್ದ ಸದ್ದು ನೆನಪಾಯಿತು.

ದಸ್ತಗಿರಿಯ ದಾಖಲೆ ಪಡೆಯುವ ಶಾಸ್ತ್ರ ಕೇಳಿಕೊಳ್ಳಿ, ನಿಮಗೂ ಬೇಕಾದೀತು. ನಿಮ್ಮೂರಿನ ಠಾಣೆಗೆ ಹೋಗಿ ಪ್ರಯೋಜನವಿಲ್ಲ, ಹಿಡಿದ ಠಾಣೆಗೇ ಹೋಗಬೇಕು. ಅಲ್ಲಿಯ ರೈಟರು ತಾರೀಖು ಕೇಳುತ್ತಾನೆ. (ನಾನು 'ಡಬ್ಬ ತೂತಾದ ದಿನ' ಅಂದೆ. ಹೊರಗೆ ಕಳಿಸಿದ.) ತಾರೀಖು ಹುಡುಕಿಕೊಂಡು ಹೋದರೆ, ಕಡತ ಕೋಲಾರಕ್ಕೆ ಹೋಯಿತು ಎನ್ನುತ್ತಾನೆ. ಕೋಲಾರದಲ್ಲಿ ಅರ್ಜಿ ಬರೆಸಿ, ಸ್ಟಾಂಪು ಅಂಟಿಸಿ, 'ನಕಲು ದಯಪಾಲಿಸಬೇಕು' ಎಂದು ಬೇಡಿಕೊಳ್ಳಬೇಕು. ಸರ್ಕಾರಕ್ಕೆ ಧಿಕ್ಕಾರ ಕೂಗಿದ ಬಾಯಲ್ಲೇ.

ರೆಕಾರ್ಡ್ ರೂಮಿನ ಗುಮಾಸ್ತ ಚನ್ನರಾಯಪ್ಪ ನಶ್ಯ ಏರಿಸಿ, ಅರ್ಜಿಯಲ್ಲಿ ನನ್ನ ಹೆಸರು ನೋಡಿ ದಪ್ಪ ಪುಸ್ತಕ ತೆಗೆದ. "ಮುನಿಯಲ್ಲಪ್ಪ... ಮುನಿಯಲ್ಲಪ್ಪ... ಇಲ್ಲಪ್ಪ."

"ನಾನು ಹೆಸರು ಹೇಳಿರಲಿಲ್ಲ, ಸ್ವಾಮಿ."

"ಹೇಳ್ದೇ ಇರೋ ಹೆಸರು ಎಲ್ಲಿಂದ ಹುಡುಕ್ಲಿ? ಮುಂದಿನ ವಾರ ಬಾ."

ಹೀಗೆ ಆರು ವಾರ. ಪ್ರತಿ ಸಲವೂ ಊರ ಕಡೆಯ ಬಸ್ಸು ಬೇಕೆಂದೇ ತಪ್ಪಿಸಿಕೊಂಡು ಸುಗಟೂರಿಗೆ ನಡೆಯುತ್ತಿದ್ದೆ. ಮಾವನ ಹಿಪ್ಪುನೇರಳೆ ತೋಟದಲ್ಲಿ ಅವಳು ಸೊಪ್ಪು ಕೀಳುತ್ತಿರುತ್ತಿದ್ದಳು. ನಾನು ಬೇಲಿಯಾಚೆ ಬೀಡಿ ಸೇದುವವನಂತೆ ನಿಲ್ಲುತ್ತಿದ್ದೆ. ಅವಳು ತಲೆ ಎತ್ತುತ್ತಿರಲಿಲ್ಲ. ಆದರೆ ಬೇಲಿಯ ಪಕ್ಕದ ಸಾಲಿಗೆ ಬಂದಾಗ ಸೊಪ್ಪು ಕೀಳುವ ಕೈ ನಿಧಾನವಾಗುತ್ತಿತ್ತು. ಆ ನಿಧಾನ ನೋಡಲಿಕ್ಕೆ ಹನ್ನೆರಡು ಮೈಲಿ ನಡೆಯಬಹುದು, ಮಹಾಶಯರೇ. ಮೂರು ಸಲ ಜೈಲಿನಲ್ಲಿ ಕಲ್ಲು ಒಡೆದವನು ಹೇಳುತ್ತಿದ್ದೇನೆ.

ಏಳನೇ ವಾರ ನನ್ನ ತಲೆಯಲ್ಲಿ ದೀಪ ಹತ್ತಿತು. "ಸ್ವಾಮಿ, ಹೆಸರು ಬಿಡಿ. ವಶಪಡಿಸಿಕೊಂಡ ಸಾಮಾನಿನ ಪಟ್ಟಿ ನೋಡಿ. ಅವತ್ತು ಚೊಂಬಿನ ಸಮೇತ ಸಿಕ್ಕಿದವನು ನಾನೊಬ್ಬನೇ!"

ಚನ್ನರಾಯಪ್ಪನ ಬೆರಳು ಇಳಿಯುತ್ತಾ ಬಂದು ನಿಂತಿತು. "ಇದೆ. ಹಿತ್ತಾಳೆ ಚೊಂಬು ಒಂದು, ಬರಿದು. ಆಸಾಮಿ: ಸುಗಟೂರು ಅಪ್ಪಾಜಪ್ಪ."

ದಫೇದಾರ ಅವತ್ತು ಯಾಕೆ ನಕ್ಕ ಎಂದು ಆಗ ತಿಳಿಯಿತು.

"ಅದು ನಮ್ಮ ಮಾವನ ಹೆಸರು! ಏಟು ತಿಂದಿದ್ದು ನಾನು!"

"ಕಾಗ್ದ ಹಾಗೆ ಹೇಳಲ್ಲವಲ್ಲ. ಅಪ್ಪಾಜಪ್ಪನವರೇ ಬಂದು ರುಜು ಹಾಕಲಿ, ಚೊಂಬು ಕೊಡ್ತೀವಿ."

ಚೊಂಬಿನ ಸುಳಿವಾದರೂ ಸಿಕ್ಕಿತಲ್ಲ, ಹೆಂಡತಿ ನಂಬುತ್ತಾಳೆ ಎಂದು ನಕಲು ಹಿಡಿದು ಸುಗಟೂರಿಗೆ ಹಾರಿದೆ. ಅವಳು ಹೊಸ್ತಿಲಲ್ಲಿ ನಿಂತು ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು. "ಅಪ್ಪಾಜಪ್ಪ... ನಲವತ್ತು ದಿನ ಸೆರೆ..." ಜಗುಲಿಯ ಮೇಲೆ ಮಲಗಿದ್ದ ಮಾವ ಎದ್ದು ಕೂತರು. ಈ ವರ್ಷ ಜೈಲು ಕಂಡವರಿಗೆ ಸಭೆಗಳಲ್ಲಿ ಮುಂದಿನ ಕುರ್ಚಿ ಎಂಬುದು ನೆನಪಿರಲಿ. ಹಬ್ಬ ಬಂದರೆ ತಾಲ್ಲೂಕು ಕಚೇರಿಯ ಅಮಲ್ದಾರರಿಗೆ ಕೋಳಿ ಕಳಿಸುತ್ತಿದ್ದ ಆ ಮಹಾನುಭಾವರು ಮೆಲ್ಲಗೆ ಅಂದರು:

"ಹೂಂ ಕಣಮ್ಮ. ಹೋಗಿದ್ದೆ. ಹೇಳ್ಕೊಳ್ಳೋದು ಬೇಡ ಅಂತ ಸುಮ್ನಿದ್ದೆ."

"ಆ ತಿಂಗಳು ಮಂಡಿನೋವು ಅಂತ ಇಲ್ಲೇ ಮಲಗಿದ್ಯಲ್ಲಪ್ಪ! ನಾನೇ ಎಣ್ಣೆ ತಿಕ್ಕಿದೆ!"

"ಪೊಲೀಸರ ಏಟಿನ ನೋವಮ್ಮ ಅದು."

ಮಾರನೇ ದಿನವೇ ಗಾಡಿ ಕಟ್ಟಿಸಿ ಕೋಲಾರಕ್ಕೆ ಹೋಗಿ ರುಜು ಹಾಕಿ ಚೊಂಬು ತಂದರು. ಊರಿನವರು ಹಾರ ಹಾಕಿದರು. ಶಾಲೆಯ ಮುಂದೆ ನಡೆದ ಸಭೆಯಲ್ಲಿ ಬಾವುಟ ಏರಿಸಿದವರೂ ಅವರೇ. ಹಗ್ಗ ಹಿಡಿದುಕೊಟ್ಟವನು ನಾನು.

ಸಭೆ ಮುಗಿದ ಮೇಲೆ ಗಂಗರತ್ನಮ್ಮ ಹಿತ್ತಿಲ ಬಾಗಿಲಿಗೆ ಬಂದಳು.

"ನೀನೇ ಹೋಗಿದ್ದು ಅಂತ ನಂಗೊತ್ತು."

"ಹಾಗಾದ್ರೆ ನಡಿಯೇ ಮನೆಗೆ!"

"ಹೆಂಗ್ ಬರ್ಲಿ? ಈಗ ಬಂದ್ರೆ ನಮ್ಮಪ್ಪನ್ನ ಸುಳ್ಳುಗಾರ ಅಂತ ನಾನೇ ಊರಿಗೆ ಸಾರಿದಂಗೆ. ಜೈಲಲ್ಲಿ ನಿನ್ನ ಜೊತೇಲಿದ್ದೋನು ಒಬ್ಬ ಬಂದು ನಿಜ ಹೇಳ್ಲಿ. ಅಪ್ಪ ತಾನಾಗೇ ಕುರ್ಚಿಯಿಂದ ಇಳೀತಾರೆ, ನಾನೂ ಈ ಮನೆ ಜಗುಲಿ ಇಳೀತೀನಿ." ಮುತ್ತುಗದ ಎಲೆಯಲ್ಲಿ ಸುತ್ತಿದ ಮುದ್ದೆಯೊಂದನ್ನು ನನ್ನ ಕೈಗೆ ತುರುಕಿ ಒಳಗೆ ಹೋದಳು. ಆವನಿಯವರೆಗೂ ಅದನ್ನು ತಿನ್ನದೆ ಎದೆಗೆ ಒತ್ತಿಕೊಂಡು ನಡೆದೆ. ಅರ್ಧ ದಾರಿಯವರೆಗೆ ಬಿಸಿಯಿತ್ತು.

ಆದ್ದರಿಂದ ಇದನ್ನು ಓದುತ್ತಿರುವವನೇ, ಮಾಲೂರಿನವನೋ ಶ್ರೀನಿವಾಸಪುರದವನೋ ಯಾರೇ ಆಗಿರು, ಆ ನಲವತ್ತು ದಿನ ನನ್ನ ಕಂಬಳಿಯ ಅರ್ಧ ನೀನು ಹೊದ್ದಿದ್ದೆಯಾ? ಹೆಸರು ಆಗಲೂ ಕೇಳಲಿಲ್ಲ, ಈಗಲೂ ಬೇಡ. ನಕ್ಕಿದ್ದು ಸಾಕು, ಏಳು. ಸುಗಟೂರಿಗೆ ಬಾ. ಅಪ್ಪಾಜಪ್ಪನವರ ಜಗುಲಿಯ ಮುಂದೆ ನಿಂತು ಅವಳಿಗೆ ಕೇಳುವಂತೆ ನನ್ನ ಕಡೆ ಬೆರಳು ತೋರಿಸಿ ಹೇಳು: "ಚೊಂಬಿನವನು ಇವನೇ."