ಬಿಲ್ಲಿನ ತಾಯಮ್ಮ ನಮ್ಮನ್ನು ಬಿಟ್ಟುಹೋದದ್ದು

ಯಾವ ಜಗಳದಲ್ಲೂ ಪಕ್ಷ ವಹಿಸದ ಮನುಷ್ಯನನ್ನು ಜನ ದೂರದಿಂದ ಗೌರವಿಸುತ್ತಾರೆ. ಹತ್ತಿರದಿಂದ ಸಹಿಸುವುದು ಮಾತ್ರ ಕಷ್ಟ. ಇದು ನನಗೆ ತಿಳಿದದ್ದು ಅರವತ್ತು ತುಂಬಿದ ಮೇಲೆ, ಅದೂ ಒಂದು ಕಂಪ್ಯೂಟರ್ ಆಟದ ಮೂಲಕ. ಮಂಡ್ಯದ ಒಂದು ದಿನಪತ್ರಿಕೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸುದ್ದಿ ತಿದ್ದಿದವನು ನಾನು. ನಾಲೆ ನೀರಿನ ಜಗಳವಿರಲಿ, ಕಬ್ಬಿನ ಲಾರಿ ಜಗಳವಿರಲಿ, ವರದಿಗಾರರಿಗೆ ಕೇಳುತ್ತಿದ್ದ ಪ್ರಶ್ನೆ ಒಂದೇ: ‘ಇನ್ನೊಂದು ಕಡೆಯವರು ಏನಂದರು?’ ಹೋರಿ ತಿವಿದ ಸುದ್ದಿಗೂ ನಾನು ಹೋರಿಯ ಹೇಳಿಕೆ ಕೇಳಿದ್ದೆನೆಂದು ಸಹೋದ್ಯೋಗಿಗಳು ಊರೆಲ್ಲ ಹಬ್ಬಿಸಿದ್ದರು. ಅದು ಸುಳ್ಳು. ಹೋರಿಯ ಮಾಲೀಕನ ಹೇಳಿಕೆ ಕೇಳಿದ್ದೆ, ಅಷ್ಟೆ.

ಆಟ ನಮ್ಮ ಮನೆಗೆ ಬಂದದ್ದು ಹೆಂಡತಿಯ ಕಡೆಯಿಂದ. ಸುಮಿತ್ರಾ ಭಾರತೀನಗರದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಾಳೆ. ಐವತ್ತೈದು ದಾಟಿದವಳು, ಬಿ.ಪಿ. ಮಾತ್ರೆ ನುಂಗುವವಳು, ತರಗತಿಯಲ್ಲಿ ಪಿಟ್ಟೆನ್ನಲು ಬಿಡದವಳು. ಅವಳ ತಮ್ಮ ನಾಗರಾಜ ಮಳವಳ್ಳಿಯಲ್ಲಿದ್ದಾನೆ. ಬಂಡೂರು ಕಡೆಯ ಕುರಿಗಳಿಗೆ ಲಸಿಕೆ ಹಾಕುವುದು ಅವನ ಕೆಲಸ. ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆಂದು ತಂದಿದ್ದ ಕಂಪ್ಯೂಟರು ಆಮೇಲೆ ಸುಮ್ಮನೆ ಕೂತಿತ್ತು. ಒಂದು ದಿನ ಊಟಕ್ಕೆ ಬಂದ ನಾಗರಾಜ ಅದರೊಳಗೆ ಈ ಆಟವನ್ನು ಹಾಕಿಕೊಟ್ಟು ಹೋದ. ಕೋಟೆ, ಕಾಡು, ಮಾಟಗಾತಿಯರು, ಕೊಂಬಿರುವ ಮನುಷ್ಯರು, ಮಾತಾಡುವ ಗೂಬೆಗಳು ಎಲ್ಲ ಇರುವ ಒಂದು ದೊಡ್ಡ ರಾಜ್ಯ. ಯಾರ ಜೊತೆ ಮಾತಿಗೆ ನಿಂತರೂ ಪರದೆಯ ಕೆಳಗೆ ನಾಲ್ಕೈದು ಉತ್ತರಗಳು ಮೂಡುತ್ತವೆ. ಒಂದನ್ನು ಒತ್ತಬೇಕು. ಒತ್ತಿದ ಮೇಲೆ ಕಥೆ ಆ ಕಡೆಗೇ ತಿರುಗುತ್ತದೆ. ಇವತ್ತು ಯಾರನ್ನೋ ಗದರಿಸಿದರೆ ತಿಂಗಳು ಕಳೆದ ಮೇಲೆ ಅವನ ಅಣ್ಣ ಸೇತುವೆಯ ಮೇಲೆ ಅಡ್ಡಗಟ್ಟುತ್ತಾನೆ. ನೂರು ಗಂಟೆ ಆಡಿದರೂ ರಾಜ್ಯದ ಅರ್ಧ ಭಾಗ ನೋಡದೆ ಉಳಿದಿರುತ್ತದೆಯಂತೆ.

ಅಕ್ಕ ತಮ್ಮ ಇಬ್ಬರೂ ಅವರವರ ಮನೆಯಲ್ಲಿ ಬೇರೆ ಬೇರೆಯಾಗಿ ಆಡಿ, ಸಂಜೆ ಫೋನಿನಲ್ಲಿ ತಾಳೆ ನೋಡುತ್ತಿದ್ದರು. ಮದುವೆಯಾದಾಗಿನಿಂದ ‘ಊಟ ಆಯ್ತಾ, ಮಳೆ ಬಂತಾ’ ಎಂಬಷ್ಟೇ ಮಾತಿದ್ದವರು ಈಗ ಒಂದೊಂದು ಗಂಟೆ ಮಾತಾಡತೊಡಗಿದರು.

“ಲೇ ನಾಗ, ಜೌಗಿನ ಮುದುಕಿ ಕೊಟ್ಟ ಕಷಾಯ ಕುಡಿದ್ಯೇನೋ?”

ಫೋನು ಸ್ಪೀಕರಿನಲ್ಲಿತ್ತು. “ಕುಡ್ದೆ ಕಣಕ್ಕ. ನೆಳ್ಳು ಒಂಟೋಯ್ತು. ಈಗ ಬಿಸ್ಲಲ್ ನಿಂತ್ರೂವೆ ನೆಲದ್ ಮ್ಯಾಲೆ ಏನೂ ಬೀಳಾಕಿಲ್ಲ.”

“ಅಯ್ಯೋ ಮಂಕೆ! ಬಾಯಿಗೆ ಹಾಕೋ ಮುಂಚೆ ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?”

ಕಾಂಪೌಂಡಿನ ಆಚೆ ಕರಿಬೇವು ಕೀಳುತ್ತಿದ್ದ ಪಕ್ಕದ ಮನೆಯ ರಾಜಮ್ಮ ಮಾರನೆಯ ದಿನ ಸುಮಿತ್ರಾಳನ್ನು ತಡೆದು, “ತಪ್ ತಿಳ್ಕೋಬೇಡ ಕಣಮ್ಮ, ನಿನ್ ತಮ್ಮುನ್ನ ಯಾವ್ದಾರ ಒಳ್ಳೆ ಡಾಕ್ಟ್ರಿಗೆ ತೋರ್ಸು” ಎಂದರು. ಸುಮಿತ್ರಾ ನಗಲಿಲ್ಲ. “ಅದಕ್ಕೆ ಡಾಕ್ಟ್ರು ಆಗಲ್ಲ ರಾಜಮ್ಮ, ಉತ್ತರದ ಬೆಟ್ಟಕ್ಕೇ ಹೋಗ್ಬೇಕು” ಎಂದು ಗಂಭೀರವಾಗಿ ಹೇಳಿ ಬಂದಳು.

ಇನ್ನೊಮ್ಮೆ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಹಿಂದಿನ ಸೀಟಿನ ಇಬ್ಬರು ವಿದ್ಯಾರ್ಥಿಗಳು ಇದೇ ಆಟದ ಮಾತಾಡುತ್ತಿದ್ದರಂತೆ. ಕಮ್ಮಾರನನ್ನು ಮುಗಿಸಿಬಿಡೋಣ ಎಂದು ಒಬ್ಬ ಅಂದ ಕೂಡಲೆ ಇವಳಿಗೆ ತಡೆಯಲಾಗಲಿಲ್ಲ. ಹಿಂತಿರುಗಿ, “ಅವನನ್ನ ಸಾಯಿಸ್ಬೇಡ್ರಪ್ಪ, ಮುಂದೆ ಬೇಕಾಗ್ತಾನೆ” ಎಂದುಬಿಟ್ಟಳು. ಕಂಡಕ್ಟರ್ ಚಿಲ್ಲರೆ ಕೊಡುವುದನ್ನು ಮರೆತು ನಿಂತನಂತೆ. ಅಂದಿನಿಂದ ಆ ಕಾಲೇಜಿನಲ್ಲಿ ಸಸ್ಯಶಾಸ್ತ್ರಕ್ಕೆ ಹೊಸ ಗೌರವ ಬಂದಿದೆ.

ನಾನು ನಿವೃತ್ತನಾದ ಮೇಲೆ ಸಂಜೆಗಳು ಖಾಲಿಯಾದವು. ಮೂವತ್ತು ವರ್ಷ ನನ್ನ ಸಂಜೆಗಳನ್ನು ಪತ್ರಿಕೆ ತಿಂದಿತ್ತು; ಈಗ ಅವು ಹಾಗೇ ವಾಪಸು ಬಂದಾಗ ಎಲ್ಲಿಡಬೇಕೋ ತಿಳಿಯಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಸುಮಿತ್ರಾ, “ರೀ, ಇದನ್ನ ಇಬ್ಬರೂ ಸೇರಿ ಆಡ್ಬೋದು. ಸುಮ್ನೆ ಗೋಡೆ ನೋಡ್ಕೊಂಡು ಕೂತಿರೋ ಬದ್ಲು ಬನ್ನಿ” ಎಂದಳು. ಅವಳು ನನ್ನನ್ನು ಜೊತೆಗೆ ಕರೆದು ಎಷ್ಟು ಕಾಲವಾಗಿತ್ತೆಂದು ಆಗ ಲೆಕ್ಕ ಹಾಕಲಿಲ್ಲ. ಹಾಕಬೇಕಿತ್ತು.

ಅವಳು ಕತ್ತಿ ಹಿಡಿದ ಯೋಧೆ. ನಾನು ಕೋಲು ಹಿಡಿದ ಪಂಡಿತ. ನನ್ನ ಆಟದ ರೀತಿ ಮೊದಲ ದಿನವೇ ಅವಳಿಗೆ ತಲೆನೋವಾಯಿತು. ಎದುರಿಗೆ ಸಿಕ್ಕ ಪ್ರತಿಯೊಬ್ಬನನ್ನೂ ನಾನು ಕೂಲಂಕಷವಾಗಿ ವಿಚಾರಿಸುತ್ತಿದ್ದೆ. ಒಂದು ಹಳ್ಳಿಯಲ್ಲಿ ಗಿರಣಿಯವನೊಬ್ಬ ಬಾವಿ ಬತ್ತಿದೆಯೆಂದ. ಯಾವಾಗ ಬತ್ತಿತು, ಮೊದಲು ನೋಡಿದವರು ಯಾರು, ಗ್ರಾಮದ ಮುಖಂಡರಿಗೆ ದೂರು ಕೊಟ್ಟಿದ್ದೀರಾ ಎಂದು ಇದ್ದ ಪ್ರಶ್ನೆಗಳನ್ನೆಲ್ಲ ಒತ್ತಿದೆ.

“ರೀ, ಆ ಕಡೆ ಊರು ಉರೀತಿದೆ! ನೀವು ಬಾವಿ ಯಾಕ್ ಬತ್ತಿತು ಅಂತ ಕೇಳ್ತಾ ನಿಂತಿದ್ದೀರಲ್ಲ!”

“ಬಾವಿ ಬತ್ತಿರೋದಕ್ಕೇ ಬೆಂಕಿ ಆರ್ತಿಲ್ಲ” ಎಂದೆ. ಇದು ತರ್ಕಬದ್ಧವಾಗಿತ್ತು. ಊರು ಮಾತ್ರ ಸುಟ್ಟುಹೋಯಿತು.

ನಮ್ಮ ಜೊತೆಗೆ ಬಿಲ್ಲುಗಾರ್ತಿಯೊಬ್ಬಳಿದ್ದಳು. ಆಟದವರು ಇಟ್ಟ ಹೆಸರು ನಾಲಗೆಗೆ ಹೊರಳುವಂಥದ್ದಲ್ಲ. ಸುಮಿತ್ರಾ ಅವಳನ್ನು ಬಿಲ್ಲಿನ ತಾಯಮ್ಮ ಎಂದು ಕರೆದಳು, ನಾಗರಾಜನೂ ಹಾಗೇ ಕರೆದ. ಕಾಡಿನಲ್ಲಿ ಮರಕ್ಕೆ ಕಟ್ಟಿಹಾಕಿದ್ದವಳನ್ನು ಬಿಡಿಸಿ ಕರೆತಂದವಳು ಸುಮಿತ್ರಾ. ಸಿಕ್ಕಿದ ಒಳ್ಳೆಯ ಚಪ್ಪಲಿ, ಬೆಚ್ಚನೆಯ ಕಂಬಳಿ ಮೊದಲು ತಾಯಮ್ಮನಿಗೆ. ಬಿಡಾರ ಹೂಡಿದಾಗಲೆಲ್ಲ ತಾಯಮ್ಮ ಬೆಂಕಿಯ ಪಕ್ಕ ಕೂತು ತನ್ನ ಊರು ಹಾಳಾದ ಕಥೆಯನ್ನು ಸ್ವಲ್ಪ ಸ್ವಲ್ಪವಾಗಿ ಹೇಳುವಳು. ಸುಮಿತ್ರಾ ಕೈಕಟ್ಟಿ ಕೇಳುವಳು. ನಾನು ಮಾತು ಹಾರಿಸುವ ಗುಂಡಿ ಒತ್ತುತ್ತಿದ್ದೆ. ಆ ಕಥೆ ಎರಡು ಪ್ಯಾರಾದ್ದು. ಬರೆದವರು ಎಂಟು ಮಾಡಿದ್ದರು.

“ಮಾತಾಡ್ತಿರೋಳ ಮುಖದ ಮೇಲೆ ಗುಂಡಿ ಒತ್ತುತೀರಲ್ಲ, ಏನು ಮನುಷ್ಯರು ನೀವು” ಎಂದಳು ಒಮ್ಮೆ. ನಾನು ಅದನ್ನು ತಮಾಷೆ ಎಂದುಕೊಂಡೆ.

ಆಮೇಲಿನ ಒಂದು ಭಾನುವಾರ ನಾವು ಒಂದು ಕೋಟೆಗೆ ಬಂದೆವು. ಅಷ್ಟರಲ್ಲಿ ಗ್ಯಾಸ್ ಸಿಲಿಂಡರಿನವನು ಕೂಗಿದ, ಸುಮಿತ್ರಾ ಎದ್ದುಹೋದಳು. “ಒಳಗೆ ಹೋಗ್ಬೇಡಿ, ಬರ್ತೀನಿ” ಎಂದಿದ್ದಳು. ಈ ಆಟದಲ್ಲಿ ಯಾರು ಮೊದಲು ಒಳಗೆ ಕಾಲಿಡುತ್ತಾರೋ ಗುಂಪಿನ ಪರವಾಗಿ ಅವರೇ ಮಾತಾಡಬೇಕು. ಬಾಗಿಲು ತೆರೆದಿದ್ದರೆ ಒಳಗೇನಿದೆಯೆಂದು ನೋಡದೆ ಇರುವುದು ನನ್ನ ಕಸುಬಿಗೆ ಒಗ್ಗಿದ್ದಲ್ಲ. ಹೋದೆ. ಕೋಟೆಯ ಒಡೆಯ ಎದ್ದುನಿಂತು, ತನ್ನ ಕಣಜಕ್ಕೆ ವಿಷ ಹಾಕಿದವಳು ಇವಳೇ ಎಂದು ತಾಯಮ್ಮನ ಕಡೆಗೆ ಬೆರಳು ತೋರಿಸಿದ. ತಾಯಮ್ಮ ನನ್ನ ಕಡೆ ತಿರುಗಿ, ‘ನಾನು ಎಂಥವಳೆಂದು ನೀವು ಹೇಳಿ’ ಎಂದಳು.

ನಾಲ್ಕು ಉತ್ತರಗಳು ಬಂದವು. ಇವಳು ಅಂಥವಳಲ್ಲ, ನಾನು ಹೊಣೆ ಎಂಬುದು ಮೊದಲನೆಯದು. ಇವಳೇ ಮಾಡಿರಬಹುದು ಎಂಬುದು ಎರಡನೆಯದು. ಮೂರನೆಯದರಲ್ಲಿ ಮಾತಿಲ್ಲ, ಹೊಡೆದಾಟ. ನಾಲ್ಕನೆಯದು: ‘ಎರಡೂ ಕಡೆ ಕೇಳುವವರೆಗೆ ನಾನು ಏನನ್ನೂ ಹೇಳಲಾರೆ.’ ಇಷ್ಟು ದಿನಕ್ಕೆ ಯಾರೋ ಪುಣ್ಯಾತ್ಮರು ನನಗಾಗಿ ಒಂದು ಉತ್ತರ ಬರೆದಿದ್ದಾರೆ ಎನ್ನಿಸಿತು. ಹೆಮ್ಮೆಯಿಂದಲೇ ಒತ್ತಿದೆ. ತಾಯಮ್ಮ ನನ್ನನ್ನು ಒಂದು ಕ್ಷಣ ನೋಡಿದಳು. ಬಿಲ್ಲನ್ನು ನೆಲದ ಮೇಲಿಟ್ಟು, ಸುಮಿತ್ರಾ ಕೊಟ್ಟಿದ್ದ ಕಂಬಳಿಯನ್ನು ಅದರ ಪಕ್ಕ ಮಡಿಸಿಟ್ಟು, ಬಾಗಿಲಾಚೆ ನಡೆದುಹೋದಳು.

ಸುಮಿತ್ರಾ ಬಂದಾಗ ಪರದೆಯ ಮೇಲೆ ನಾನೊಬ್ಬನೇ ಕೋಲು ಹಿಡಿದು ನಿಂತಿದ್ದೆ.

“ತಾಯಮ್ಮ ಎಲ್ಲಿ?”

“ಹೋದಳು.”

“ಎಲ್ಲಿಗೆ?”

“ಅದನ್ನ ಹೇಳಲಿಲ್ಲ.”

“ನೀವೇನಂದ್ರಿ?”

ಅಕ್ಷರ ಬಿಡದೆ ಒಪ್ಪಿಸಿದೆ. ಅವಳು ಕುರ್ಚಿಯ ಮೇಲೆ ಕೂರಲೇ ಇಲ್ಲ. ಹಳೆಯ ಜಾಗದಿಂದ ಮತ್ತೆ ಶುರುಮಾಡಬಹುದು, ಅರ್ಧ ಗಂಟೆಯ ಕೆಲಸ ಎಂದು ಸಲಹೆ ಕೊಟ್ಟೆ. “ನಾನೂ ನಾಗನೂ ಹಿಂದಕ್ಕೆ ಹೋಗಿ ಆಡಲ್ಲ. ಆಡಿದ ಮಾತು ಆಡಿದ್ದೇ” ಎಂದಳು. ಆಗಲಾದರೂ ಸುಮ್ಮನಿರಬೇಕಿತ್ತು. ನಾನು ವಾದಕ್ಕೆ ನಿಂತೆ. “ಅವಳು ತಪ್ಪು ಮಾಡಿಲ್ಲ ಅನ್ನೋದಕ್ಕೆ ನಮ್ಮ ಹತ್ರ ಏನು ಆಧಾರ ಇತ್ತು?”

“ಇಷ್ಟು ದಿನ ಜೊತೇಲಿ ನಡೆದ್ಲು, ಅದು ಆಧಾರ ಅಲ್ವಾ? ಅವಳು ನಿಮ್ಮನ್ನ ತೀರ್ಪು ಕೇಳ್ಲಿಲ್ಲ ರೀ. ಪಕ್ಕದಲ್ಲಿ ನಿಂತ್ಕೊಳ್ಳಿ ಅಂದ್ಲು.” ಬಾಗಿಲವರೆಗೆ ಹೋದವಳು ತಿರುಗಿದಳು. “ಬೀಗರೂಟದ ದಿನಾನೂ ಹೀಗೇ ನಿಂತಿದ್ರಿ. ಅವತ್ತು ಕೈಯಲ್ಲಿ ಕೋಲು ಇರ್ಲಿಲ್ಲ, ಅಷ್ಟೇ ವ್ಯತ್ಯಾಸ.”

ಬೀಗರೂಟ ನಡೆದದ್ದು ಇಪ್ಪತ್ತೆರಡು ವರ್ಷದ ಹಿಂದೆ, ಯಲಿಯೂರಿನ ನಮ್ಮಕ್ಕನ ಮನೆಯಲ್ಲಿ. ಅಕ್ಕನ ಮಗಳ ಮದುವೆಯಾಗಿತ್ತು; ಗಂಡಿನ ಕಡೆಯವರನ್ನು ಕರೆದು ಬಾಡೂಟ ಹಾಕುವ ದಿನ. ಮದ್ದೂರಿನ ಕಡೆಯಿಂದ ಬರಬೇಕಿದ್ದ ಬೀಗರ ವ್ಯಾನು ತಡವಾಯಿತು. ಬೀಗರು ಬಾರದೆ ಮೊದಲ ಪಂಕ್ತಿ ಕೂರಿಸುವುದು ನಮ್ಮಲ್ಲಿ ಇಲ್ಲ. ಆದರೆ ಊರಿನವರು ಹಸಿದಿದ್ದಾರೆಂದು ನಮ್ಮವ್ವ ಎಲೆ ಹಾಕಿಸಿಬಿಟ್ಟಳು. ಸುಮಿತ್ರಾ, “ಅತ್ತೆ, ಬೀಗ್ರು ಬರ್ಲಿ, ಕಾಯೋಣ” ಎಂದದ್ದನ್ನು ಹಂಡೆಯ ಪಕ್ಕ ನಿಂತಿದ್ದ ನಾನು ನನ್ನ ಎರಡೂ ಕಿವಿಯಿಂದ ಕೇಳಿದ್ದೆ. ಬೀಗರು ಬಂದು ಕೂತಾಗ ಮುದ್ದೆಯ ಜೊತೆ ಉಳಿದಿದ್ದದ್ದು ಸಾರು ಮತ್ತು ಮೂಳೆ. ಅವರ ಕಡೆಯ ಹಿರಿಯರೊಬ್ಬರು ಎಲೆ ಮುಂದಿನಿಂದ ಎದ್ದು ಕೈತೊಳೆದರು.

ಅವ್ವ ಗಾಬರಿಯಾದಳು. “ನಮ್ ಸೊಸೆನೇ ಕಣ್ರಪ್ಪ, ಓದಿರೋಳು. ಬೀಗ್ರು ಈಗ್ಲೇ ಬರಾಕಿಲ್ಲ, ಇಕ್ಕುಸ್ಬುಡಿ ಅಂತ ಇಕ್ಕುಸ್ಬುಟ್ಳು” ಎಂದಳು. ಇಡೀ ಚಪ್ಪರ ಸುಮಿತ್ರಾಳನ್ನು ನೋಡಿತು. ಸುಮಿತ್ರಾ ನನ್ನನ್ನು ನೋಡಿದಳು. ಯಾರೋ, “ನೀನು ಅಲ್ಲೇ ಇದ್ದಲ್ಲಪ್ಪ ಪೇಪರ್ನೋನೆ, ಯೋಳು” ಎಂದರು. ನಾನು ಗಂಟಲು ಸರಿಮಾಡಿಕೊಂಡು, “ಈಗ ಬೇಡ. ಇಬ್ಬರೂ ಹೇಳೋದು ಕೇಳಿ ಆಮೇಲೆ ನೋಡೋಣ” ಎಂದೆ. ಆ ಆಮೇಲೆ ಇವತ್ತಿನವರೆಗೂ ಬಂದಿಲ್ಲ. ಸುಮಿತ್ರಾ ಆ ದಿನ ಬೀಗರ ಎಲೆಗಳನ್ನು ತಾನೇ ಎತ್ತಿ, ನೆಲ ಬಳಿದು, ಊಟ ಮಾಡದೆ ಬಸ್ಸು ಹತ್ತಿದಳು. ದಾರಿಯಲ್ಲಿ ನಾನು ಅವಳಿಗೆ ಅವ್ವನ ವಯಸ್ಸಿನ ಬಗ್ಗೆ ತಿಳಿಹೇಳಿದೆ.

ಮಾರನೆಯ ದಿನ ನಾಗರಾಜನ ಫೋನು ಬಂತು. ಸಾವಿನ ಮನೆಗೆ ಮಾತಾಡಿಸಲು ಬಂದವನ ಧ್ವನಿ. “ಭಾವ, ತಾಯಮ್ಮನ್ ಕಳ್ಸ್‌ಬುಟ್ರಂತೆ?”

“ಕಳಿಸಲಿಲ್ಲ. ಅವಳೇ ಹೋದಳು.”

“ಅದೇ ಬುಡಿ ಭಾವ. ಎಲ್ರೂ ಅಂಗೇ ಅನ್ನೋದು.”

ಎರಡು ದಿನ ಬಿಟ್ಟು ಸುಮಿತ್ರಾಳ ಹತ್ತಿರ ಹೋಗಿ, ಬೀಗರೂಟದ ದಿನ ನೀನು ಕಾಯೋಣ ಎಂದದ್ದು ನಿಜ, ನಾನು ಕೇಳಿದ್ದೆ ಎಂದೆ. ಅವಳು ಉತ್ತರಪತ್ರಿಕೆ ತಿದ್ದುತ್ತಿದ್ದಳು. “ನಂಗ್ಯಾಕೆ ಹೇಳ್ತೀರಿ? ನಂಗೆ ಗೊತ್ತಿರೋದೇ ಅಲ್ವಾ ಅದು. ನಿಮ್ಮ ಪೇಪರಿನಲ್ಲಿ ತಿದ್ದುಪಡಿ ಹಾಕೋವಾಗ ಓದುಗರಿಗೆ ಹಾಕ್ತಿದ್ರೋ, ಮನೆಗೆ ಬಂದು ನನ್ನ ಕಿವೀಲಿ ಹೇಳ್ತಿದ್ರೋ?” ಪತ್ರಿಕೆಯಲ್ಲಿ ತಪ್ಪು ಅಚ್ಚಾದರೆ ಮಾರನೆಯ ದಿನವೇ ಸರಿಪಡಿಸುವುದು ನಮ್ಮ ನಿಯಮವಾಗಿತ್ತು. ಈ ತಪ್ಪನ್ನು ಓದಿದವರಲ್ಲಿ ಎಷ್ಟೋ ಜನ ಈಗಿಲ್ಲ. ಅವ್ವ ಹೋಗಿ ಆರು ವರ್ಷ. ಎಲೆ ಮುಂದಿನಿಂದ ಎದ್ದ ಹಿರಿಯರೂ ಇಲ್ಲ. ಉಳಿದವಳು ಅಕ್ಕ. ಫೋನು ಮಾಡಿದೆ.

“ಅಕ್ಕ, ಅವತ್ತು ಬೀಗರೂಟದಲ್ಲಿ ಸುಮಿತ್ರಾ ಕಾಯೋಣ ಅಂದಿದ್ಲು. ಮೊದ್ಲು ಕೂರ್ಸಿದ್ದು ಅವ್ವ.”

“ಯಾಕ್ಲಾ, ಉಸಾರಾಗಿದ್ದೀಯಾ?”

“ಇದ್ದೀನಿ. ಹೇಳ್ಬೇಕು ಅನ್ನಿಸ್ತು.”

“ಅದು ಅವತ್ತೇ ಗೊತ್ತಿತ್ತು ಕಣ್ಲಾ. ನಂಗೂ ಗೊತ್ತಿತ್ತು, ಇಕ್ಕೋರ್ಗೂ ಗೊತ್ತಿತ್ತು, ಆಮೇಕೆ ಬೀಗ್ರಿಗೂ ಗೊತ್ತಾಯ್ತು. ನಿನ್ ಬಾಯಿಂದ್ಲೇ ಬರ್ಲಿ ಅಂತ ಎಲ್ರೂವೆ ಸುಮ್ಕಿದ್ದೋ. ನೀನೂ ಸುಮ್ಕಿದ್ಬುಟ್ಟೆ.”

ಜಿಲ್ಲೆಯ ಸುದ್ದಿಯೆಲ್ಲ ಮೊದಲು ತನಗೇ ತಿಳಿಯುತ್ತದೆಂದು ನಂಬಿದ್ದವನಿಗೆ ಇದಕ್ಕಿಂತ ಹೆಚ್ಚಿನ ಅವಮಾನ ಬೇಕಿರಲಿಲ್ಲ. ಅಡುಗೆಮನೆಗೆ ಹೋಗಿ ಅಕ್ಕನ ಮಾತನ್ನು ಸುಮಿತ್ರಾಳಿಗೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಲೇ, “ಅತ್ತೆ ಆಸ್ಪತ್ರೇಲಿ ನನ್ನ ಕೈ ಹಿಡ್ಕೊಂಡು ಹೇಳಿದ್ರು, ಸುಮ್ನೆ ನಿನ್ನ ಮೇಲೆ ಹಾಕ್ಬಿಟ್ಟೆ ಅಂತ” ಎಂದಳು. ನನಗೇಕೆ ತಿಳಿಸಲಿಲ್ಲವೆಂದು ಕೇಳಿದೆ. “ನೀವು ಕೇಳ್ಲಿಲ್ಲ” ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಈಗ ಸುಮಿತ್ರಾ, ನಾಗರಾಜ ಸೇರಿ ಹೊಸದಾಗಿ ಆಟ ಶುರುಮಾಡಿದ್ದಾರೆ. ಅವನು ಮಳವಳ್ಳಿಯಿಂದ, ಅವಳು ಇಲ್ಲಿಂದ. ಮೂರನೆಯವನಾಗಿ ನನ್ನನ್ನೂ ಸೇರಿಸಿಕೊಂಡಿದ್ದಾರೆ. ಈ ಆಟದಲ್ಲಿ ದಾರಿಯುದ್ದಕ್ಕೂ ಸಿಗುವ ಪಾತ್ರೆ, ಕವಚ, ಬೇರು, ನಾರುಗಳನ್ನು ಯಾರಾದರೂ ಹೊರಬೇಕು. ಅದು ನನ್ನ ಕೆಲಸ. ಎದುರಿಗೆ ಯಾರು ಬಂದರೂ ನಾನು ಹತ್ತು ಹೆಜ್ಜೆ ಹಿಂದೆ ನಿಲ್ಲಬೇಕು. “ಭಾವ, ನೀವು ಮೂಟೆ ನೋಡ್ಕಳಿ, ಮಾತು ನಾವು ನೋಡ್ಕತೀವಿ” ಎಂದಿದ್ದಾನೆ ನಾಗರಾಜ. ಮೊನ್ನೆ ಸೇತುವೆಯ ಬಳಿ ಕಾವಲಿನವನೊಬ್ಬ ಸುಮಿತ್ರಾಳನ್ನು ಕಳ್ಳಿ ಎಂದ. ನನಗೆ ರೋಷ ಉಕ್ಕಿತು. ಅವಳು ಅಂಥವಳಲ್ಲ, ನಾನು ಹೊಣೆ ಎನ್ನಲು ಓಡಿದೆ. ಮೂಟೆಯ ಭಾರಕ್ಕೆ ಪಂಡಿತ ತೆವಳಿಕೊಂಡು ಅಲ್ಲಿಗೆ ತಲುಪುವಷ್ಟರಲ್ಲಿ ಅವಳು ಕಾವಲಿನವನಿಗೆ ತಾನೇ ಉತ್ತರ ಕೊಟ್ಟು, ಸೇತುವೆ ದಾಟಿ ಬಹಳ ದೂರ ಹೋಗಿದ್ದಳು.