ಸಮುದ್ರವಿಲ್ಲದ ಊರಿನ ದೋಣಿ ಮೆಕ್ಯಾನಿಕ್ಕು

ನಮ್ಮ ಭಾವನಿಗೆ ಈಜು ಬರುವುದಿಲ್ಲ. ದೋಣಿ ಹತ್ತಿದರೆ ವಾಂತಿಯಾಗುತ್ತದೆ. ನೀರು ಮೊಣಕಾಲು ದಾಟಿದರೆ ತಮ್ಮ ಮನೆದೇವರಿಂದ ಹಿಡಿದು ಬೀಗರ ಮನೆದೇವರವರೆಗೆ ಎಲ್ಲರನ್ನೂ ಕೂಗುತ್ತಾರೆ. ಇಂಥವರು ಆರಿಸಿಕೊಂಡ ಕಸುಬು ಯಾವುದು ಹೇಳಿ? ದೋಣಿ ಎಂಜಿನ್ ರಿಪೇರಿ! ಅದೂ ಎಲ್ಲಿ? ಮಂಗಳೂರಿನಲ್ಲಲ್ಲ, ಮಲ್ಪೆಯಲ್ಲಲ್ಲ, ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನಲ್ಲಿ. ಸುತ್ತ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕುವ ಮನೆಗಳು, ನಡುವೆ ಒಂದು ಹೆಂಚಿನ ಮನೆ. ಅದರ ಜಗಲಿಯ ಮರದ ಅಡ್ಡೆಗೆ ದೋಣಿಯ ಹಿಂಬದಿಗೆ ಸಿಕ್ಕಿಸುವ ಎಂಜಿನ್ನುಗಳು ಸಾಲಾಗಿ ನೇತಾಡುತ್ತಿರುತ್ತವೆ. ಬಾಗಿಲಿಗೆ ದೃಷ್ಟಿಯಾಗದಿರಲೆಂದು ಬೂದುಗುಂಬಳ ಕಟ್ಟುವವರನ್ನು ನೀವು ಕಂಡಿರುತ್ತೀರಿ. ನಮ್ಮ ಭಾವ ಮುರಿದ ಪ್ರೊಪೆಲ್ಲರ್ ಕಟ್ಟಿದ್ದಾರೆ. ಅದಕ್ಕೆ ಅರಿಶಿನ ಕುಂಕುಮ ಬೇರೆ!

ನಗು ಬಂತೇ? ನಗಿ. ನಮ್ಮ ಬಳಗದಲ್ಲಿ ಯಾರ ಮದುವೆಯಾದರೂ ಊಟದ ಪಂಕ್ತಿಯಲ್ಲಿ ಈ ಕಥೆಗಳೇ ಉಪ್ಪಿನಕಾಯಿ. ನಗದೆ ಉಳಿದವಳು ನಮ್ಮಕ್ಕ ಒಬ್ಬಳೇ. ಕಾರಣ ಸರಳ, ಅವಳು ಆ ಮನುಷ್ಯನ ಹೆಂಡತಿ. ಹೋದ ಬೇಸಗೆಯಲ್ಲಿ ಅವಳು ಒಂದು ಬ್ಯಾಗು ಹಿಡಿದು ಬಸ್ಸು ಬದಲಾಯಿಸುತ್ತ ಮಾಗಡಿಗೆ ಬಂದು ನಮ್ಮ ಮನೆಯಲ್ಲಿ ಕೂತಳು. ಅಪ್ಪ ಅಮ್ಮ ಹೋದ ಮೇಲೆ ಅವಳಿಗೆ ತವರೆಂದರೆ ಈ ತಮ್ಮನ ಮನೆಯೇ.

"ನಿಮ್ ಭಾವ ಇಲ್ಲೀಗಂಟ ಬಂದು, ನನ್ ಮುಖ ನೋಡಿ 'ಬಾ' ಅನ್ಲಿ. ಆಗ ಹೋಯ್ತೀನಿ. ಇಲ್ದಿದ್ರೆ ಇಲ್ಲೇ ಮಣ್ಣಾಯ್ತೀನಿ," ಎಂದಳು.

ಕೇಳಿದ್ದು ಒಂದೇ ಅಕ್ಷರ! ಇಷ್ಟು ಅಗ್ಗಕ್ಕೆ ಗಂಡನನ್ನು ಕ್ಷಮಿಸುವ ಹೆಂಗಸು ಬೇರೆಲ್ಲಾದರೂ ಸಿಕ್ಕಾಳೆಯೇ? ಆದರೆ ಭಾವ ಅವಳಿಗೆ 'ಸ್ಪ್ಯಾನರ್ ಕೊಡು' ಎಂದದ್ದನ್ನು ಕೇಳಿದ್ದೇನೆ, 'ಲೈಟ್ ಹಿಡಿ' ಎಂದದ್ದನ್ನು ಕೇಳಿದ್ದೇನೆ, 'ಬಾ' ಎಂದದ್ದನ್ನು ಮಾತ್ರ ಕೇಳಿಲ್ಲ. ಅಕ್ಕ ಉಳಿದ ಆಯುಷ್ಯವನ್ನು ನಮ್ಮ ಮನೆಯ ನಡುಮನೆಯಲ್ಲೇ ಕಳೆಯುತ್ತಾಳೆಂದು ನನಗೆ ಖಾತ್ರಿಯಾಯಿತು. ನನ್ನ ಹೆಂಡತಿಗೂ ಖಾತ್ರಿಯಾಯಿತು. "ಅತ್ಗೆ ಇದ್ರೆ ನಂಗೇನ್ ಕಷ್ಟ?" ಎನ್ನುವಾಗ ಅವಳ ಕೈಯಿಂದ ಬಿದ್ದ ಪಾತ್ರೆಯ ಸದ್ದು ಬಸ್ ಸ್ಟ್ಯಾಂಡಿಗೆ ಕೇಳಿಸಿರಬೇಕು.

ಈ ಹುಚ್ಚು ಎಲ್ಲಿಂದ ಶುರುವಾಯಿತು? ಭಾವ ಮೊದಲು ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದರು. ಜಲಾಶಯದ ದಡದ ಒಂದು ರೆಸಾರ್ಟಿನವರು ಕಾರು ಕಳಿಸಿ ಕರೆಸಿಕೊಂಡು, ಕೆಟ್ಟ ದೋಣಿ ಎಂಜಿನ್ನನ್ನು ಒಪ್ಪಿಸಿದರು ಎಂಬುದು ಅವರ ಹೇಳಿಕೆ. ಕಾರೂ ಇಲ್ಲ ಮಣ್ಣೂ ಇಲ್ಲ, ಇವರೇ ಲೂನಾದಲ್ಲಿ ಹೋಗಿ ಬೇಡಿ ತಂದರು ಎಂಬುದು ಅಕ್ಕನ ಹೇಳಿಕೆ. ನನ್ನ ನೆನಪಿನಲ್ಲಿ ಆ ಎಂಜಿನ್ನು ಎತ್ತಿನ ಗಾಡಿಯಲ್ಲಿ, ಹುಲ್ಲಿನ ಮೇಲೆ ಮಲಗಿ, ಮದುವಣಗಿತ್ತಿಯ ಹಾಗೆ ಬಂದಿಳಿಯಿತು. ಎಷ್ಟು ಚೆಂದದ ಚಿತ್ರ! ಅದಕ್ಕೇ ನನಗೆ ಅನುಮಾನ. ಆ ಮನೆಯಲ್ಲಿ ಎತ್ತೂ ಇರಲಿಲ್ಲ, ಗಾಡಿಯೂ ಇರಲಿಲ್ಲ, ಆ ದಿನ ನಾನೂ ಅಲ್ಲಿರಲಿಲ್ಲ. ನೆನಪೂ ಒಂದು ರಿಪೇರಿ ಅಂಗಡಿಯೇ. ಕಳೆದುಹೋದ ಭಾಗದ ಜಾಗಕ್ಕೆ ಕೈಗೆ ಸಿಕ್ಕಿದ್ದನ್ನು ತುರುಕಿ, ಓಡುತ್ತಲ್ಲ ಎಂದು ಸಮಾಧಾನಪಡುವುದು. ಮುಂದೆ ಹೇಳುವುದನ್ನೂ ಅಷ್ಟೇ ಎಚ್ಚರದಿಂದ ಓದಿಕೊಳ್ಳಿ.

ಈ ಎಂಜಿನ್ನುಗಳ ಹೊಟ್ಟೆಯಲ್ಲಿ ಇಂಪೆಲ್ಲರ್ ಎಂಬ ರಬ್ಬರಿನ ಚಕ್ರವಿರುತ್ತದೆ, ಸೇವಂತಿಗೆಯಷ್ಟು ದೊಡ್ಡದು. ಅದು ಕೆಳಗಿನ ನೀರನ್ನು ಮೇಲಕ್ಕೆಳೆದು ಎಂಜಿನ್ನನ್ನು ತಣ್ಣಗಿಡುತ್ತದೆ, ಬಳಸಿದ ನೀರು ಪಕ್ಕದ ತೂತಿನಿಂದ ಸಣ್ಣ ಧಾರೆಯಾಗಿ ಹೊರಬರುತ್ತದೆ. ಆ ಧಾರೆ ಬಂದರೆ ಎಂಜಿನ್ನು ಆರೋಗ್ಯವಾಗಿದೆ ಎಂದರ್ಥ. ಧಾರೆ ಕಂಡರೆ ಭಾವ ಕುಣಿಯುತ್ತಾರೆ. "ಉಚ್ಚೆ ಉಯ್ತಾ ಐತೆ ನೋಡ್ಲಾ ಬಾಮೈದ! ಎಂಗ್ ಉಯ್ತಾ ಐತೆ ನೋಡು!"

"ಮಗಳು ಹುಟ್ದಾಗ್ಲೂ ಈ ಮುಖ ಹಿಂಗ್ ಅರಳಿರ್ನಿಲ್ಲ," ಎಂದು ಅಕ್ಕ ಒಳಗಿನಿಂದ ಗೊಣಗುತ್ತಾಳೆ.

ಧಾರೆ ನೋಡಬೇಕಾದರೆ ಎಂಜಿನ್ನು ನೀರಿನಲ್ಲಿರಬೇಕು. ಅಕ್ಕೂರಿನಲ್ಲಿ ನೀರೆಲ್ಲಿದೆ? ಹಿತ್ತಿಲ ತೊಟ್ಟಿಯಲ್ಲಿ. ಅದನ್ನು ತುಂಬಿದವರು ಯಾರು? ನಲ್ಲಿ ಬಂದಾಗ ಕೊಡದಲ್ಲಿ ಹೊತ್ತ ಅಕ್ಕ. ಭಾವ ಒಂದು ದಿನ ತೊಟ್ಟಿಯ ಅಂಚಿಗೆ ದೊಡ್ಡದೊಂದು ಎಂಜಿನ್ನು ಬಿಗಿದರು. ಪರೀಕ್ಷೆಗೆ ಮುಂಚೆ ಪ್ರೊಪೆಲ್ಲರ್ ಬಿಚ್ಚಿಡಬೇಕು. ಅವರಿಗದು ಚೆನ್ನಾಗಿ ಗೊತ್ತು. ಗೊತ್ತಿದ್ದೂ ಬಿಚ್ಚಲಿಲ್ಲ, 'ಒಸಿ ಜೋರು ನೋಡಾನ' ಅಂತ! ಗೇರು ಹಾಕಿದ್ದೇ ತಡ, ತೊಟ್ಟಿಯ ನೀರೆಲ್ಲ ಎದ್ದು ಗೋಡೆ ಹಾರಿತು. ಗೋಡೆಯಾಚೆ ಗೌರಕ್ಕನ ಮನೆ. ಅವಳು ಹಣ್ಣಾದ ರೇಷ್ಮೆ ಹುಳುಗಳನ್ನು ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗಳಿಗೆ ಬಿಟ್ಟು ಆಗತಾನೆ ನೆರಳಿಗೆ ಒರಗಿಸಿದ್ದಳು. ಎಣ್ಣೆ ಬೆರೆತ ನೀರು ಹುಳುಗಳ ಮೇಲೆ ಸುರಿಯಿತು.

"ಅಯ್ಯೋ, ಹಣ್ಣಾದ್ ಹುಳ ಕಣಪ್ಪಾ! ನಿನ್ ಮನೆ ಎಕ್ಕುಟ್ಟೋಗಾ! ಸಮುದ್ರ ಇಲ್ಲೀಗೇ ತಂದ್ಬುಟ್ಯಾ?"

ಭಾವ ಗೋಡೆಯ ಮೇಲೆ ತಲೆ ಎತ್ತಿ, "ಹುಳ ಮುಂದಿನ್ ಬೆಳೆಗೂ ಬತ್ತವೆ ಕಣಕ್ಕ. ಈ ಧಾರೆ ನೋಡ್ಬಾ ಒಸಿ!" ಎಂದರು.

ಗೌರಕ್ಕನಿಗೂ 'ಬಾ' ಸಿಕ್ಕಿತು, ಗಮನಿಸಿ. ಇಲ್ಲಿಗೆ ನಮ್ಮ ಬಳಗದವರು ಹೊಟ್ಟೆ ಹಿಡಿದು ನಗುತ್ತಾರೆ. ಆಮೇಲಿನದನ್ನು ಯಾರೂ ಹೇಳುವುದಿಲ್ಲ. ಮುಂದಿನ ಬೆಳೆ ಬರುವ ತನಕ ಗೌರಕ್ಕನ ಮನೆಗೆ ಹೋಗಿ ಹುಳುಗಳಿಗೆ ಸೊಪ್ಪು ಹೆಚ್ಚಿಕೊಟ್ಟವಳು ನಮ್ಮಕ್ಕ. ಒಂದು ಮಾತೂ ಆಡದ ಗೌರಕ್ಕನ ಪಕ್ಕ ಕೂತು, ತಾನೂ ಮಾತಾಡದೆ.

ಇನ್ನೊಂದು ಕಥೆ ಪಿನ್ನಿನದು. ಪ್ರೊಪೆಲ್ಲರನ್ನು ದಂಡಕ್ಕೆ ಹಿಡಿದಿಡುವುದು ಒಂದು ಮೆದು ಲೋಹದ ಪಿನ್ನು. ರೆಕ್ಕೆ ಬಂಡೆಗೆ ಬಡಿದರೆ ಪಿನ್ನು ಮುರಿಯುತ್ತದೆ, ಒಳಗಿನ ದುಬಾರಿ ಗೇರು ಉಳಿಯುತ್ತದೆ. ಮುರಿಯುವುದೇ ಅದರ ಕೆಲಸ. (ಇಲ್ಲಿ ಅಕ್ಕನನ್ನು ಪಿನ್ನಿಗೆ ಹೋಲಿಸುತ್ತೇನೆಂದು ಕಾಯುತ್ತಿದ್ದೀರಾ? ಇಲ್ಲ. ಅಕ್ಕ ಪಿನ್ನಲ್ಲ.) ಇಂಥ ಬಿಡಿಭಾಗ ನಮ್ಮ ಕಡೆ ಸಿಗುವುದಿಲ್ಲ, ಕೊಚ್ಚಿಯಿಂದಲೋ ಚೆನ್ನೈಯಿಂದಲೋ ಬರಬೇಕು. ಭಾವನಿಗೆ ಅಷ್ಟು ತಾಳ್ಮೆಯೇ? ಚನ್ನಪಟ್ಟಣದಲ್ಲಿ ಮರದ ಗೊಂಬೆ ಕಡೆಯುವ ಬಾಷಾ ಭಾಯ್ ಅವರ ಗೆಳೆಯ. ಮುರಿಯುವುದೇ ಕೆಲಸವೆಂದ ಮೇಲೆ ಮರವಾದರೇನು ಎಂದು ಇಬ್ಬರೂ ಸೇರಿ ತೀರ್ಮಾನಿಸಿ, ಗೊಂಬೆಗೆ ಬಳಸುವ ಹಾಲೆಮರದಲ್ಲಿ ಪಿನ್ನು ಕಡೆದರು. ಬಾಷಾ ಭಾಯ್ ಕೈ ಸುಮ್ಮನಿರುತ್ತದೆಯೇ? ಕಡೆದದ್ದಕ್ಕೆಲ್ಲ ಅರಗಿನ ಬಣ್ಣ ಹಾಕಿ, ತಾಳೆಗರಿಯಲ್ಲಿ ತಿಕ್ಕಿ ಹೊಳೆಯಿಸಿದರು. ಕೆಂಪು, ಹಳದಿ, ಹಸಿರು. ಮಗುವಿನ ಕೈಗೆ ಕೊಟ್ಟರೆ ಬಾಯಿಗಿಟ್ಟುಕೊಳ್ಳುವಷ್ಟು ಮುದ್ದು!

ಆ ಪಿನ್ನುಗಳು ಹೋದದ್ದು ರೆಸಾರ್ಟಿನ ದೋಣಿಗೆ. ಯಾರೋ ದೊಡ್ಡ ಮನುಷ್ಯರ ಕುಟುಂಬ ವಿಹಾರಕ್ಕೆ ಹೊರಟಿತ್ತು. ಬಂಡೆ ಬೇಕಾಗಲಿಲ್ಲ, ಜೊಂಡು ಸಿಕ್ಕಿದರೆ ಸಾಕು ಪಿನ್ನು ಪಟ್ಟೆನ್ನುತ್ತಿತ್ತು. ದೋಣಿ ಹತ್ತದ ಭಾವ ದಡದಲ್ಲೇ ನಿಂತು ಪಂಚೆ ಬೀಸುತ್ತ ದೋಣಿ ನಡೆಸುವ ಹುಡುಗನಿಗೆ ಕೂಗುತ್ತಿದ್ದರು. "ಕೆಂಪು ಬ್ಯಾಡ ಕಣ್ಲಾ, ಹಸ್ರುದ್ ಹಾಕು! ಹಸ್ರು ಗಟ್ಟಿ!" ಹಸಿರೂ ಮುಗಿಯಿತು. ಕೊನೆಗೆ ಮೀನು ಹಿಡಿಯುವವನೊಬ್ಬ ತೆಪ್ಪದಲ್ಲಿ ಹೋಗಿ, ಹಗ್ಗ ಕಟ್ಟಿ ದೋಣಿಯನ್ನು ಎಳೆದು ತಂದ. ಇಳಿದವನೇ ಭಾವನ ಮುಂದೆ ಹುಟ್ಟನ್ನು ನೆಟ್ಟಗೆ ನಿಲ್ಲಿಸಿ ಹೇಳಿದ, "ನೋಡಿ ಯಜಮಾನ್ರೆ, ನನ್ ತೆಪ್ಪಕ್ಕೆ ಇದೊಂದೇ ಪಿನ್ನು."

ರೆಸಾರ್ಟಿನವರು ಬೇರೆ ಮೆಕ್ಯಾನಿಕ್ಕನ್ನು ಹುಡುಕಿಕೊಂಡರು. ಭಾವನ ಜಗಲಿಗೆ ಅದಾದ ಮೇಲೆ ಬಂದವೆಲ್ಲ ಗುಜರಿ ಎಂಜಿನ್ನುಗಳೇ, ಯಾವ ದೋಣಿಗೂ ಬೇಡವಾದವು. ಅವನ್ನೂ ಬಿಚ್ಚಿ, ತೊಳೆದು, ಕಟ್ಟಿ, ವಾರಕ್ಕೊಮ್ಮೆ ತೊಟ್ಟಿಯಲ್ಲಿಟ್ಟು ಓಡಿಸುತ್ತಿದ್ದರು. ಯಾರಿಗಾಗಿ? ಕೇಳಿದರೆ, "ಸುಮ್ಕೆ ಇಟ್ರೆ ಕೆಟ್ಟೋಯ್ತವೆ ಕಣ್ಲಾ," ಎನ್ನುತ್ತಿದ್ದರು. ಕೆಟ್ಟರೆ ಯಾರಿಗೇನು ನಷ್ಟ ಎಂದು ಮಾತ್ರ ಹೇಳುತ್ತಿರಲಿಲ್ಲ.

ಅಕ್ಕ ಮನೆ ಬಿಟ್ಟದ್ದು ಇಡ್ಲಿ ಪಾತ್ರೆಯ ದೆಸೆಯಿಂದ. ಕಾರ್ಬೊರೇಟರಿನ ಕಿಟ್ಟ ಬಿಡಿಸಲು ಕುದಿಸಿದರೆ ಒಳ್ಳೆಯದೆಂದು ಯಾರೋ ಹೇಳಿದ್ದರಂತೆ. ಭಾವ ಅದನ್ನು ಇಡ್ಲಿ ಪಾತ್ರೆಯಲ್ಲಿ ಕುದಿಸಿ, ತೊಳೆದು ಒರೆಸಿ, ಇದ್ದ ಜಾಗದಲ್ಲೇ ಇಟ್ಟರು. ಬೆಳಗ್ಗೆ ಮಂಡ್ಯದಿಂದ ಮಗಳು ಅಳಿಯ ಬಂದರು. ಅಳಿಯ ಇಡ್ಲಿ ಮುರಿದು ಬಾಯಿಗಿಟ್ಟು, ಬಹಳ ಹೊತ್ತು ಯೋಚಿಸಿ, "ಅತ್ತೆ, ಪೆಟ್ರೋಲ್ ವಾಸ್ನೆ ಬತ್ತೈತಲ್ಲಾ," ಎಂದ. ಭಾವ ಮುಖವೆತ್ತಿ, "ಬರೀ ಪೆಟ್ರೋಲಾ, ಆಯಿಲ್ದೂ ಬತ್ತೈತಾ?" ಎಂದು ಕೇಳಿದರು. ಕಾರ್ಬೊರೇಟರು ಪೂರ್ತಿ ಸ್ವಚ್ಛವಾಯಿತೇ ಎಂದು ತಿಳಿಯಬೇಕಿತ್ತಂತೆ!

ಅಕ್ಕ ಕೂಗಾಡಲಿಲ್ಲ. ಮಗಳು ಅಳಿಯ ಹೋಗುವ ತನಕ ಕಾದು, ಪಾತ್ರೆ ತೊಳೆದು ಬೋರಲು ಹಾಕಿ, ಬಸ್ಸು ಹತ್ತಿದಳು.

ಭಾವ ಬರಲಿಲ್ಲ. ಫೋನು ಮಾತ್ರ ಬರುತ್ತಿತ್ತು, ಅದೂ ನನಗೆ. ಮಳೆ ಹೇಗಿದೆ, ಮಾಗಡಿಯಲ್ಲಿ ಹಳೇ ಬೇರಿಂಗು ಸಿಗುತ್ತದೆಯೇ, ಇಂಥವೇ. ಸ್ಪೀಕರಿಗೆ ಹಾಕುತ್ತಿದ್ದೆ. ಅಕ್ಕ ಸೊಪ್ಪು ಬಿಡಿಸುತ್ತ ಬೇರಿಂಗಿನ ವಿಷಯವನ್ನೆಲ್ಲ ಕೇಳಿಸಿಕೊಂಡು, ಫೋನಿಟ್ಟ ಮೇಲೆ ಎದ್ದುಹೋಗುತ್ತಿದ್ದಳು. ಬಾಯಿ ತುಂಬ ಬೈಯಬೇಕೆಂದು ನಾನು ಮಾತು ಜೋಡಿಸಿಟ್ಟುಕೊಂಡಿದ್ದೆ.

ಮಳೆಗಾಲ ಹಿಡಿದ ಮೇಲೆ ಒಂದು ಮಧ್ಯಾಹ್ನ ಭಾವ ಬಂದೇಬಿಟ್ಟರು. ಹೆಂಡತಿಯನ್ನು ಕರೆಯಲು ಬರುವವರು ಹೂವು ಹಣ್ಣು ತರುತ್ತಾರೆ. ಇವರು ತಂದದ್ದು ಕಾಗದದಲ್ಲಿ ಸುತ್ತಿದ ಒಂದು ಇಂಪೆಲ್ಲರ್! ಅದರ ರೆಕ್ಕೆ ಹೇಗೆ ಸವೆದಿದೆ ಎಂದು ನನಗೆ ವಿವರಿಸತೊಡಗಿದರು. ಅಕ್ಕ ಅಡುಗೆಮನೆಯ ಬಾಗಿಲ ಹಿಂದಿದ್ದಳು. ಅವಳ ಸೆರಗು ಅವರಿಗೂ ಕಾಣುತ್ತಿತ್ತು.

"ಎಂಜಿನ್ನೆಲ್ಲ ಎಂಗವೆ ಭಾವ?" ಎಂದೆ, ಕುಟುಕಲೆಂದೇ.

"ನಿಂತವೆ."

"ಯಾಕೆ, ನೀರಿಲ್ವಾ?"

"ಹಗ್ಗ ಎಳ್ಯಕ್ಕಾಯ್ತಿಲ್ಲ ಕಣೋ. ಬಲಗಡೆ ಭುಜ ಬಾಳ ದಿನ್ದಿಂದ ಮ್ಯಾಕೇಳಲ್ಲ."

ಈ ಎಂಜಿನ್ನುಗಳಿಗೆ ಬಟನ್ ಇರುವುದಿಲ್ಲ, ಹಗ್ಗ ಜಗ್ಗಿಯೇ ಚಾಲೂ ಮಾಡಬೇಕು. "ಮತ್ತೆ ಇಷ್ಟ್ ದಿನ ಯಾರ್ ಎಳೀತಿದ್ರು?" ಎಂದೆ. ಅವರು ಗದ್ದದಿಂದ ಅಡುಗೆಮನೆಯ ಕಡೆ ತೋರಿಸಿದರು.

ನನ್ನ ಮೈ ಉರಿಯಿತು. ಅಂದರೆ ಆ ತೊಟ್ಟಿ ತುಂಬಿದವಳೂ ಅವಳೇ, ಆ ಹಾಳು ಎಂಜಿನ್ನುಗಳನ್ನು ಜಗ್ಗಿ ಎಬ್ಬಿಸಿದವಳೂ ಅವಳೇ! "ಹಂಗಾದ್ರೆ ಹೆಂಡ್ತಿ ಬೇಕು ಅಂತ ಬರ್ನಿಲ್ಲ. ಹಗ್ಗ ಎಳ್ಯಕ್ ಆಳು ಬೇಕು ಅಂತ ಬಂದ್ರಿ."

ಭಾವ ಇಂಪೆಲ್ಲರನ್ನು ಮತ್ತೆ ಕಾಗದದಲ್ಲಿ ಸುತ್ತಿದರು. ಎಡಗೈಯಲ್ಲೇ, ತಡಕಾಡುತ್ತ.

ಅಕ್ಕ ಹೊರಗೆ ಬಂದಳು. "ಎಡಗಡೇದೂ ಶುರುವಾಯ್ತಾ?"

"ಊಂ."

"ಎತ್ತಿ, ನೋಡಾನ."

ಅವರು ಎತ್ತಿದರು. ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ಅಕ್ಕ ಆ ಕೈಯನ್ನು ನೋಡಿದಳು, ಆಮೇಲೆ ಅವರ ತಲೆಯನ್ನು. ಬಾಚಿಕೊಳ್ಳಲಾಗದೆ ಕೂದಲು ಹಿಂದೆಲ್ಲ ಗಂಟುಕಟ್ಟಿ ಹಕ್ಕಿಗೂಡಾಗಿತ್ತು. ಅವಳು ಒಳಗಿನಿಂದ ಕೊಬ್ಬರಿ ಎಣ್ಣೆ, ಬಾಚಣಿಗೆ ತಂದು, ಅವರನ್ನು ಕುರ್ಚಿಯಲ್ಲಿ ಆಚೆ ಮುಖ ಮಾಡಿ ಕೂರಿಸಿದಳು. ಗಂಟುಗಳನ್ನು ಒಂದೊಂದಾಗಿ ಬಿಡಿಸಿದಳು. ಭಾವ ಶಾಲೆಗೆ ಹೊರಟ ಮಗುವಿನ ಹಾಗೆ ಕತ್ತು ಬಗ್ಗಿಸಿ ಕೂತಿದ್ದರು. ನಾನು ಬಾಗಿಲಿಗೆ ಹೋಗಿ ಬೀದಿ ನೋಡುತ್ತ ನಿಂತೆ.

ಸಂಜೆಯ ಬಸ್ಸಿಗೆ ಇಬ್ಬರೂ ಹೋದರು. ಬ್ಯಾಗು ಅಕ್ಕನ ಕೈಯಲ್ಲೇ ಇತ್ತು.

ಮಾರನೆಯ ದಿನ ತಡೆಯಲಾರದೆ ಫೋನು ಮಾಡಿದೆ. "ಅಲ್ಲ ಕಣಕ್ಕ, 'ಬಾ' ಅಂದ್ರೇನೇ ಹೋಯ್ತೀನಿ ಅಂದಿದ್ದೆ. ಆವಯ್ಯ ಅನ್ಲೇ ಇಲ್ವಲ್ಲ?"

"ಅಂದ್ರಲ್ಲೋ," ಎಂದಳು ಅಕ್ಕ. "ನೀನೂ ಅಲ್ಲೇ ಇದ್ದೆ. ನಿಂಗೆ ಕೇಳಿಸ್ನಿಲ್ವಾ?"

ನಾನು ಅಲ್ಲೇ ಇದ್ದೆ. ಬಂದ ಗಳಿಗೆಯಿಂದ ಬಸ್ಸು ಹತ್ತುವ ತನಕ ಆ ಮನುಷ್ಯ ಆಡಿದ ಒಂದೊಂದು ಮಾತೂ ನನ್ನ ಕಿವಿಯಲ್ಲಿದೆ. ನನ್ನ ಯಾವ ನೆನಪನ್ನು ಬೇಕಾದರೂ ಅನುಮಾನಿಸಿ, ಆ ಮಾತುಗಳಲ್ಲಿ 'ಬಾ' ಇರಲಿಲ್ಲವೆಂಬುದೊಂದನ್ನು ನಾನು ಆಣೆಯಿಟ್ಟು ಹೇಳಬಲ್ಲೆ. ಅತ್ತ ಕಡೆ ಅಕ್ಕ ಕಾಯುತ್ತಿದ್ದಳು.

"ಊಂ ಕಣಕ್ಕ," ಎಂದೆ. "ಅಂದ್ರು. ಈಗ ಗೆಪ್ತಿಗೆ ಬಂತು."